ಸತ್ತ ಪ್ರೋಗ್ರಾಮಿನ ನಂಬರು

"ಸತ್ತ ಮೇಲೂ ಬರೀತಿರೋದು ಯಾರಪ್ಪಾ?"

ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿದ್ದವಳು ಅವಳೊಬ್ಬಳೇ. ಎದುರಿಗೆ ಎರಡು ಪರದೆ, ಮುಚ್ಚಳ ಬಿಚ್ಚಿಟ್ಟ ಒಂದು ಕಂಪ್ಯೂಟರು, ಅದರೊಳಗೆ ನೆಟ್ಟಗೆ ನಿಂತ ಹಸಿರು ಕಾರ್ಡು, ಕಾರ್ಡಿನ ಮೇಲೆ ಒಂದೇ ಶ್ರುತಿಯಲ್ಲಿ ಗೊಣಗುವ ಪುಟ್ಟ ಫ್ಯಾನು. ಅವಳು ಕನ್ನಡಕ ತೆಗೆದು ಮೂಗಿನ ಮೇಲೆ ಬಿದ್ದ ಕುಳಿಗಳನ್ನು ಉಜ್ಜಿಕೊಂಡಳು. ಹೊತ್ತು ಇನ್ನೂ ಹನ್ನೊಂದು ದಾಟಿರಲಿಲ್ಲ. ಮೈ ಮಾತ್ರ ಸಂಜೆಯಾದಂತೆ ಬಾಗಿತ್ತು. ಮೂರು ದಿನದಿಂದ ಹೀಗೇ.

ಆ ಕಚೇರಿಯವರು ಮಾಡುತ್ತಿದ್ದುದು ಆಸ್ಪತ್ರೆಯ ಸ್ಕ್ಯಾನ್ ಯಂತ್ರ, ಅದರ ಒಳಗೆ ಕೂರುವ ಕಾರ್ಡು. ಯಂತ್ರ ಮನುಷ್ಯನ ಮೈಯಿಂದ ತರುವ ಕೋಟಿಗಟ್ಟಲೆ ಅಂಕಿಗಳನ್ನು ಈ ಕಾರ್ಡು ಚಿತ್ರವಾಗಿಸುತ್ತದೆ. ಕಾರ್ಡಿಗೂ ಕಂಪ್ಯೂಟರಿಗೂ ಮಾತು ಕೂಡಿಸುವ, ಡ್ರೈವರ್ ಎಂಬ ಪ್ರೋಗ್ರಾಮು ಬರೆದವಳು ಅವಳು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಡ್ರೈವರಮ್ಮ. ಕೆಲಸಕ್ಕೆ ಸೇರಿದ ದಿನ ಗೇಟಿನವನು ಯಾವ ಗಾಡಿ ಓಡಿಸುತ್ತೀರಿ ಎಂದು ಕೇಳಿದ್ದ. "ನಿಂತಲ್ಲೇ ಓಡೋ ಗಾಡಿ," ಎಂದಿದ್ದಳು. ಆಗ ನಗುವ ತ್ರಾಣವಿತ್ತು.

ಸೋಮವಾರ ಪರೀಕ್ಷೆಗೆಂದು ಯಂತ್ರ ಇಟ್ಟಿದ್ದ ಚಿಕಿತ್ಸಾಲಯದಿಂದ ಫೋನು ಬಂದಿತ್ತು. ಸ್ಕ್ಯಾನ್ ಮಾಡುವ ಹೆಂಗಸಿನದು ಗಟ್ಟಿ ಗಂಟಲು.

"ಮೇಡಂ, ಈಗ ಬಂದಿದ್ದ ಅಜ್ಜಿಯ ಭುಜದಲ್ಲಿ ಸ್ಕ್ರೂ ಇದೆ ಅಂತ ನಿಮ್ಮ ಮೆಷಿನ್ ತೋರಿಸ್ತಿದೆ. ಆ ಅಜ್ಜಿಗೆ ಹುಟ್ಟಿದಾರಭ್ಯ ಒಂದು ಮೂಳೆ ಮುರಿದಿಲ್ಲ."

"ಅವರಿಗಿಂತ ಮುಂಚೆ ಬಂದಿದ್ದೋರು?"

"ಒಬ್ಬ ಮೇಷ್ಟ್ರು. ಅವರಿಗೆ ಎರಡು ಸ್ಕ್ರೂ ಇರಬೇಕು, ಚಿತ್ರದಲ್ಲಿ ಒಂದೇ ಇದೆ. ನಿಮ್ಮ ಮೆಷಿನ್ ಇನ್ನೊಂದನ್ನ ಅಜ್ಜಿಗೆ ದಾನ ಮಾಡಿಬಿಟ್ಟಿದೆ."

ಅಂದಿನಿಂದ ಆ ಒಂದು ಸ್ಕ್ರೂವಿನ ಹಿಂದೆ ಬಿದ್ದಿದ್ದಳು. ಈಗ ಅದರ ಜಾಡು ಪರದೆಯ ಮೇಲಿತ್ತು. ಒಂಬತ್ತನೇ ನಂಬರಿನ ಪ್ರೋಗ್ರಾಮು ಮುಗಿದಿದೆ. ಹೊಸ ಪ್ರೋಗ್ರಾಮು ಎದ್ದಿದೆ, ಅದಕ್ಕೂ ಒಂಬತ್ತೇ ನಂಬರು. ಆಮೇಲೆ, ಮೂವತ್ತೊಂದು ಮಿಲಿಸೆಕೆಂಡು ಕಳೆದು, ಹಳೆಯ ಒಂಬತ್ತಕ್ಕೆಂದು ಕಾರ್ಡು ಬರೆದ ಒಂದು ಕಂತೆ ಅಂಕಿ ಬಂದು ಹೊಸ ಒಂಬತ್ತರ ಮಡಿಲಿಗೆ ಬಿದ್ದಿದೆ.

ಕಂಪ್ಯೂಟರಿನ ಒಳಗೆ ಪ್ರತಿ ಪ್ರೋಗ್ರಾಮೂ ಇಡೀ ಮೆಮೊರಿ ತನ್ನದೊಂದರದೇ ಎಂದು ನಂಬಿ ಬದುಕುತ್ತದೆ. ಅದು ಹೇಳುವ ವಿಳಾಸ ನಿಜವಾದ ವಿಳಾಸವಲ್ಲ. ನಿಜದ ಜಾಗ ಎಲ್ಲಿದೆಯೆಂದು ಹೇಳುವ ಪಟ್ಟಿ, ಎಲ್ಲ ಪ್ರೋಗ್ರಾಮುಗಳನ್ನೂ ಆಳುವ ಕರ್ನೆಲ್ಲಿನ ಕೈಯಲ್ಲಿರುತ್ತದೆ. ಮೊದಲೆಲ್ಲ ಡ್ರೈವರು ಕೂಲಿಯಂತೆ ಪ್ರೋಗ್ರಾಮಿನ ಅಂಕಿಗಳನ್ನು ಹೊತ್ತು ಕಾರ್ಡಿಗೆ ಹಾಕಿ, ಕಾರ್ಡು ಮಾಡಿಕೊಟ್ಟದ್ದನ್ನು ಮತ್ತೆ ಹೊತ್ತು ತರುತ್ತಿತ್ತು. ಒಂದು ಚಿತ್ರಕ್ಕೆ ನಾಲ್ಕು ನಿಮಿಷ. ಎರಡು ವರ್ಷದ ಹಿಂದೆ ಆ ಹೊರೆ ಇಳಿಸಿದರು. ಪ್ರೋಗ್ರಾಮು ನೋಡುವ ಪಟ್ಟಿಯನ್ನೇ ಕಾರ್ಡೂ ನೋಡಲಿ, ಅದರ ವಿಳಾಸದಲ್ಲೇ ಓದಲಿ, ಅಲ್ಲೇ ಬರೆಯಲಿ. ಯಾರ ಪಟ್ಟಿಯೆಂದು ಗುರುತಿಗೆ ಒಬ್ಬೊಬ್ಬರಿಗೊಂದು ನಂಬರು. ಕಾರ್ಡು ನಂಬರು ಹೇಳಿ ವಿಳಾಸ ಹೇಳಿದರೆ, ನಡುವೆ ನಿಂತ ಕಾವಲುಗಾರ ಚಿಪ್ಪು ಆ ನಂಬರಿನ ಪಟ್ಟಿ ನೋಡಿ ದಾರಿ ಬಿಡುತ್ತದೆ. ಮುಖ ನೋಡುವುದಿಲ್ಲ, ನಂಬರು ನೋಡುತ್ತದೆ. ನಾಲ್ಕು ನಿಮಿಷದ ಚಿತ್ರ ಒಂದೇ ನಿಮಿಷಕ್ಕೆ ಬಂತು. ಆ ದಿನ ಕಚೇರಿಗೆ ಕಚೇರಿಯೇ ಸಿಹಿ ತಿಂದಿತ್ತು.

ಕೂಡುವುದು ಸುಲಭ, ಬಿಡಿಸಿಕೊಳ್ಳುವುದು ಕಷ್ಟ. ಪ್ರೋಗ್ರಾಮು ಮುಗಿದಾಗ ಡ್ರೈವರು ಕಾರ್ಡಿಗೆ, ಒಂಬತ್ತರ ಕೆಲಸ ನಿಲ್ಲಿಸು, ಎನ್ನಬೇಕು. ಕೈಯಲ್ಲಿ ಹಿಡಿದದ್ದೆಲ್ಲ ಇಳಿಸಿದೆ ಎಂದು ಕಾರ್ಡು ಹೇಳುವ ತನಕ ಕಾಯಬೇಕು. ಆಮೇಲಷ್ಟೇ ಆ ನಂಬರನ್ನು ಇನ್ನೊಬ್ಬರಿಗೆ ಕೊಡಬೇಕು. ಆದರೆ ಕಾರ್ಡು ಕೆಲವೊಮ್ಮೆ ಒಂದು ಪುಟ ಮೆಮೊರಿ ಸಿಗದೆ, ಅದನ್ನು ತರಿಸಿಕೊಡಿ ಎಂದು ಕೇಳಿ, ಅರ್ಧ ಬರೆದದ್ದನ್ನು ಕೈಯಲ್ಲೇ ಹಿಡಿದು ನಿಂತಿರುತ್ತದೆ. ಎಷ್ಟು ಹೊತ್ತೆಂದು ಹೇಳಬಲ್ಲವರಿಲ್ಲ. ಅವಳ ಡ್ರೈವರು ಕಾಯುತ್ತಿದ್ದುದು ಐದು ಮಿಲಿಸೆಕೆಂಡು. ಅಷ್ಟರೊಳಗೆ ಉತ್ತರ ಬಾರದಿದ್ದರೆ ಮುಗಿದಿರಬೇಕು ಎಂದುಕೊಂಡು ನಂಬರು ಕಿತ್ತುಕೊಳ್ಳುತ್ತಿತ್ತು. ಓದುವವರು ಉಸಿರೆಳೆದುಕೊಳ್ಳಲು ನಿಂತರೆ ಪದ್ಯವೇ ಮುಗಿಯಿತೆಂದು ಚಾಪೆ ಮಡಚುವವರ ಹಾಗೆ.

ಕಚೇರಿಯ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವಂತಿರಲಿಲ್ಲ. ಇಲ್ಲಿ ಬೆಳಿಗ್ಗೆ ಎಬ್ಬಿಸಿದ ಒಂದೇ ಪ್ರೋಗ್ರಾಮು ಸಂಜೆಯವರೆಗೆ ಒಂದೇ ನಂಬರಿನಲ್ಲಿ ಓಡುತ್ತಿತ್ತು. ಚಿಕಿತ್ಸಾಲಯದಲ್ಲಿ ರೋಗಿಗೊಂದು ಸಲ ಹೊಸದಾಗಿ ತೆರೆಯುತ್ತಾರೆ. ಚಿತ್ರ ಕಂಡ ಕೂಡಲೇ ಮುಚ್ಚಿ ಮುಂದಿನವರನ್ನು ಕರೆಯುತ್ತಾರೆ. ಬಾಗಿಲ ಹೊರಗೆ ಬೆಂಚಿನ ತುಂಬ ಜನ.

ಹಾಗೆ ಕಾಯದೆ ಹೊರಟಾಗಲೆಲ್ಲ, ನಡೆದದ್ದನ್ನೆಲ್ಲ ಯಂತ್ರ ಬರೆದಿಡುವ ಲಾಗಿನಲ್ಲಿ ಒಂದು ಕೆಂಪು ಸಾಲಾದರೂ ಬರಬೇಕಿತ್ತಲ್ಲ? ಅವಳು ತನ್ನ ಹಳೆಯ ಬರಹ ತೆರೆದಳು. ಸಾಲು ಇತ್ತು. ಯಾರೋ ಅದರ ಬಾಯಿ ಕಟ್ಟಿದ್ದರು. ಪಕ್ಕದಲ್ಲಿ ತಾರೀಖು, ಎರಡು ವರ್ಷ ಹಿಂದಿನದು. ಕಟ್ಟಿದವರ ಹೆಸರು ಅವಳದೇ.

ನೆನಪಾಯಿತು. ಯಂತ್ರ ನೋಡಲು ದೊಡ್ಡವರು ಬರುವ ದಿನ. ಹಿಂದೆ ಬಂದು ನಿಂತ ಭಾವ ಹೇಳಿದ್ದರು: "ಬಂದೋರ ಕಣ್ಣೆದುರು ಈ ಕೆಂಪಕ್ಷರ ಯಾಕೆ ಕುಣೀಬೇಕು? ಮುಚ್ಚಿಡು ಅದನ್ನ. ಆಮೇಲೆ ತೆಗೆದರಾಯ್ತು." ಮುಚ್ಚಿದ್ದಳು. ಆ ಆಮೇಲೆ ಬಂದಿರಲೇ ಇಲ್ಲ.

ಭಾವ ಎಂದರೆ ಅವಳ ಅಕ್ಕನ ಗಂಡ. ಈ ಕಚೇರಿ ಅವರದು. ಹನ್ನೊಂದು ವರ್ಷದ ಹಿಂದೆ, ಅವಳ ಬದುಕು ಒಂದು ದಡ ಕಾಣದಿದ್ದಾಗ, ಕರೆದು ಕೆಲಸ ಕೊಟ್ಟು, ತಮ್ಮ ಮನೆಯ ಮೇಲಿನ ಎರಡು ಕೋಣೆಗಳನ್ನು ಅವಳಿಗೂ ಹಾಸಿಗೆ ಹಿಡಿದ ಅವಳ ಅಮ್ಮನಿಗೂ ಬಿಟ್ಟುಕೊಟ್ಟವರು. ಒಂದು ದಿನವೂ ಎತ್ತಿ ಆಡಿದವರಲ್ಲ.

ಬಾಗಿಲು ತಳ್ಳಿಕೊಂಡು ಚಿಪ್ಪಣ್ಣ ಬಂದ. ಕಾರ್ಡಿನ ಚಿಪ್ಪು ರೂಪಿಸಿದವನು ಅವನೇ. ಹೆಸರು ಹಾಗೆ ಅಂಟಿಕೊಂಡಿತ್ತು.

"ಸಿಕ್ಕಿತಾ ಕಳ್ಳ?"

"ಸಿಕ್ಕಿತು. ಕನ್ನಡೀಲಿ." ಅವಳು ಪರದೆ ಅವನ ಕಡೆ ತಿರುಗಿಸಿದಳು. "ಚಿಪ್ಪಣ್ಣ, ಐದರ ಮಿತಿ ತೆಗೆದು, ನಿನ್ನ ಕಾರ್ಡು ಉತ್ತರ ಕೊಡೋ ತನಕ ಕಾದರೆ?"

"ಕೆಲವು ಸಲ ಕೊಡೋದೇ ಇಲ್ಲ. ಕೇಳಿದ ಪುಟ ಬರದೇ ಇದ್ರೆ ಹಾಗೇ ನಿಂತುಬಿಡುತ್ತೆ, ಮುನಿಸಿಕೊಂಡ ಮಗು ಥರ. ಇರೋದು ಹದಿನಾರೇ ನಂಬರು. ಹದಿನಾರೂ ಹಾಗೆ ಸಿಕ್ಕಿಕೊಂಡರೆ ಮೆಷಿನ್ ಬಂದ್."

"ಆ ಒಂದು ನಂಬರಿನ ಕೆಲಸ ಮಾತ್ರ ಕೊಡವಿಬಿಡು ಅಂತ ಹೇಳೋಕಾಗಲ್ವಾ?"

"ಈ ಚಿಪ್ಪಲ್ಲಿ ಆಗಲ್ಲ. ಪೂರ್ತಿ ಕಾರ್ಡನ್ನೇ ಕೆಡವಿ ಎಬ್ಬಿಸ್ಬೇಕು. ನೂರಕ್ಕೆ ಎರಡು ಸಲ ಏಳಲ್ಲ. ಅದನ್ನ ಸರಿಮಾಡೋಕೆ ಆರು ವಾರ."

"ನೀನು ಹೇಳೋ ಆರು ಅಂದ್ರೆ?"

"ಹತ್ತು." ಅವನು ನಗಲಿಲ್ಲ. ಅವಳ ಲೋಟದಲ್ಲಿ ತಣ್ಣಗಾಗಿದ್ದ ಚಹವನ್ನು ತಾನೇ ಎತ್ತಿ ಕುಡಿದ. "ಕೆಳಗೆ ಆಸ್ಪತ್ರೆಗೆ ಹೋಗೋ ಹನ್ನೆರಡು ಮೆಷಿನ್ ಪೆಟ್ಟಿಗೆಗೂ ಮೊಳೆ ಹೊಡೆದಾಯ್ತು ಡ್ರೈವರಮ್ಮ. ನಾಳೆ ಬೆಳಿಗ್ಗೆ ಲಾರಿ. ಭಾವನಿಗೆ ಹೇಳೋರ್ಯಾರು?"

"ನಾನೇ. ಬೆಕ್ಕು ಸಾಕಿದ್ದು ನಾನಲ್ವಾ, ಗಂಟೆನೂ ನಾನೇ ಕಟ್ಟಬೇಕು."

ಭಾವ ಎಲ್ಲವನ್ನೂ ನಿಂತೇ ಕೇಳಿದರು. ಮಾತು ಮುಗಿದ ಮೇಲೆ ತಮ್ಮ ಕೋಣೆಗೆ ಹೋದರು. ಅರ್ಧ ಗಂಟೆಗೆ ಅವಳ ಪರದೆಯ ಮೇಲೆ ಅವರ ತಿದ್ದುಪಡಿ ಬಂದು ಕೂತಿತು. ಒಂದೇ ಸಾಲು. ಐದು ಇದ್ದಲ್ಲಿ ಐವತ್ತು.

ತಿದ್ದುಪಡಿಯ ಕೆಳಗೆ ಎರಡು ಹೆಸರಿಲ್ಲದೆ ಏನೂ ಹೊರಹೋಗುವಂತಿಲ್ಲ ಎನ್ನುವುದು ಆ ಕಚೇರಿಯ ನಿಯಮ. ಬರೆದವರದೊಂದು, ಪರೀಕ್ಷಿಸಿ ಒಪ್ಪಿದವರದೊಂದು. ಡ್ರೈವರಿನ ವಿಷಯದಲ್ಲಿ ಒಪ್ಪುವ ಹೆಸರು ಅವಳದೇ ಆಗಬೇಕು. ನಿಯಮ ಮಾಡಿದ್ದೂ ಭಾವನೇ.

ಅವಳು ತಳ್ಳಿಹಾಕಲಿಲ್ಲ. ಪರೀಕ್ಷೆಗೆ ಇಟ್ಟಳು. ಚಿಕಿತ್ಸಾಲಯದವರ ಹಾಗೆ ತೆರೆದು ಮುಚ್ಚಿ, ತೆರೆದು ಮುಚ್ಚಿ, ಹತ್ತು ಸಾವಿರ ಸಲ. ಹಳೆಯ ಐದರಲ್ಲಿ ಇನ್ನೂರ ಹನ್ನೆರಡು ಬರಹ ತಪ್ಪು ಮನೆಗೆ ಬಿದ್ದವು. ಐವತ್ತರದು ಇನ್ನೂ ಓಡುತ್ತಿರುವಾಗ ಅಕ್ಕನ ಫೋನು.

"ಊಟ ಮಾಡಿದ್ಯಾ?"

"ಇಲ್ಲ ಅಕ್ಕ."

"ಅವರೂ ಮಾಡಿಲ್ಲ. ಮೂರು ದಿನದಿಂದ ಗೋಡೆ ನೋಡ್ಕೊಂಡು ಕೂತಿರ್ತಾರೆ. ಏನೋ ಸಹಿ ಬೇಕಂತಲ್ಲ ನಿಂದು?"

"ಸಹಿ ಅಲ್ಲ, ಹೆಸರು."

"ಅದೇನೋ ನಂಗೆ ಗೊತ್ತಾಗಲ್ಲ. ನಾಳೆ ಲಾರಿ ಹೋಗದಿದ್ರೆ ಆ ಆಸ್ಪತ್ರೆಯೋರು ಬೇರೆಯವರ ಮೆಷಿನ್ ತಗೋತಾರಂತೆ. ಇಪ್ಪತ್ತು ಜನರ ಕೆಲಸ ಕಣೇ. ನೀನು ಅಡ್ಡ ಹಾಕ್ಬೇಡ, ಆಯ್ತಾ?" ಅಕ್ಕ ಉತ್ತರಕ್ಕೆ ಕಾಯಲಿಲ್ಲ. "ಅಮ್ಮಂಗೆ ಔಷಧಿ ಕೊಟ್ಟಿದೀನಿ. ನೀನು ಗಾಬರಿ ಆಗ್ಬೇಡ."

ಫೋನು ಇಟ್ಟಳು. ಇಪ್ಪತ್ತು ಜನ. ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂತು. ಹೆಸರು ಹಾಕಿಬಿಟ್ಟರೆ? ಮನೆಗೆ ಹೋಗಿ ಮಲಗಬಹುದು. ಮೂರು ದಿನದಲ್ಲಿ ಮೊದಲ ಸಲ ಆ ಯೋಚನೆ ಹಾಸಿಗೆಯಷ್ಟು ಮೆತ್ತಗೆ ಬಂದು ಮಗ್ಗುಲಿಗೆ ಕೂತಿತು. ಎದ್ದು ಮುಖ ತೊಳೆದು ಬಂದು, ಚಿಕಿತ್ಸಾಲಯದ ಹೆಂಗಸಿಗೆ ಫೋನು ಮಾಡಿದಳು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಸ್ಕ್ರೂ ನಿಮಗೆ ಹೇಗೆ ಕಾಣಿಸ್ತು?"

"ಸ್ಕ್ರೂ ಆಗಿದ್ದಕ್ಕೇ ಕಾಣಿಸ್ತು ಮೇಡಂ. ಅದರ ಬದಲು ಶ್ವಾಸಕೋಶದಲ್ಲಿ ಸಣ್ಣ ಚುಕ್ಕೆ ಆಗಿದ್ರೆ ನಂಗೇನು ಗೊತ್ತಾಗ್ತಿತ್ತು? ಡಾಕ್ಟ್ರಿಗೆ ಕಳಿಸಿಬಿಡ್ತಿದ್ದೆ. ಇದ್ದೋರಿಗೆ ಇಲ್ಲ ಅಂತ, ಇಲ್ಲದೋರಿಗೆ ಇದೆ ಅಂತ." ಹಿಂದಿನಿಂದ ಯಾರೋ ಕೂಗಿದರು. "ಬಂದೆ ಇರ್ರೀ! ಮೇಡಂ, ಸರಿಹೋಯ್ತಾ ಅದು?"

"ನೋಡ್ತಿದೀನಿ," ಎಂದಳು.

ನಾಲ್ಕು ಗಂಟೆಗೆ ಪರೀಕ್ಷೆ ಮುಗಿಯಿತು. ಭಾವ ಬಂದು ಅವಳ ಪಕ್ಕದ ಕುರ್ಚಿ ಎಳೆದುಕೊಂಡರು. ಅವರ ಅಂಗಿಯ ಕಾಲರು ಒಳಗೆ ಮಡಚಿಕೊಂಡಿತ್ತು. ಬೇರೆ ದಿನವಾಗಿದ್ದರೆ ಹೇಳುತ್ತಿದ್ದಳು. ಪರದೆಯ ಮೇಲಿನ ಅಂಕಿ ನೋಡಿ ಅವರ ಮುಖ ಬಿಚ್ಚಿತು.

"ಮೂರು! ಇನ್ನೂರ ಹನ್ನೆರಡು ಇದ್ದಿದ್ದು ಮೂರಕ್ಕಿಳಿದಿದೆ. ಹತ್ತು ಸಾವಿರದಲ್ಲಿ ಮೂರು."

"ಆ ಮೂರು ಯಾರು ಭಾವ?"

"ಐನೂರು ಮಾಡೋಣ. ಅರ್ಧ ಸೆಕೆಂಡು. ಯಾರಿಗೂ ತಿಳಿಯಲ್ಲ."

"ಐನೂರಕ್ಕೆ ಒಂದಾಗಬಹುದು. ಆ ಒಂದು ಇನ್ನೂ ಕೆಟ್ಟದ್ದು, ಹುಡುಕಿದ್ರೂ ಸಿಗಲ್ಲ. ಕಾಯೋ ಹೊತ್ತು ಹೆಚ್ಚಿಸಿದರೆ ತಪ್ಪು ಕಮ್ಮಿ ಕಾಣಿಸುತ್ತೆ ಅಷ್ಟೇ, ಹೋಗಲ್ಲ. ಬೇಕಾದ್ರೆ ಹಳೇ ದಾರಿಗೆ ಹೋಗೋಣ, ಅಂಕಿ ಹೊತ್ತು ಹಾಕೋದಕ್ಕೆ. ಇವತ್ತು ಸಂಜೆಯೊಳಗೆ ಮಾಡಿಕೊಡ್ತೀನಿ. ಚಿಪ್ಪಣ್ಣಂದು ಸರಿಹೋಗೋ ತನಕ."

"ನಾಲ್ಕು ನಿಮಿಷ."

"ನಾಲ್ಕು ನಿಮಿಷ."

"ಒಂದು ನಿಮಿಷ ಅಂತ ಮಾತು ಕೊಟ್ಟಿದೀನಿ. ನಾಲ್ಕು ನಿಮಿಷದ ಮೆಷಿನ್ ಅವರ ಹತ್ರ ಆಗಲೇ ಇದೆ, ನಮ್ಮದ್ಯಾಕೆ ತಗೋತಾರೆ?" ಭಾವ ಕನ್ನಡಕ ತೆಗೆದರು. ಅವರ ಮೂಗಿನ ಮೇಲೂ ಅವೇ ಕುಳಿಗಳು. "ಅವತ್ತು ಆ ಕೆಂಪು ಸಾಲು ಮುಚ್ಚು ಅಂದಾಗ ಒಂದು ಮಾತು ಆಡದೆ ಮುಚ್ಚಿದೆ. ಇವತ್ತೇನು ಇಷ್ಟು ಧರ್ಮ?"

ಆ ಮಾತು ನಾಟಿತು. ಅವಳು ಒಪ್ಪಿಕೊಂಡಳು. "ಅವತ್ತು ನಾನು ಮುಚ್ಚಿದ್ದೇ ತಪ್ಪು. ನೀವು ಹೇಳಿದ್ರಿ ನಿಜ, ಕೈ ನಂದು. ಆ ಮೇಷ್ಟ್ರ ಸ್ಕ್ರೂ ಅಜ್ಜಿಯ ಭುಜಕ್ಕೆ ಹೋಗಿದ್ದು ನನ್ನ ಕೈಯಿಂದಲೇ. ಅದನ್ನ ಬರೆದು ಕೊಡ್ತೀನಿ, ಯಾರಿಗೆ ಬೇಕಾದ್ರೂ ತೋರಿಸಿ."

"ನಂಗೆ ಅದು ಬೇಡ."

"ಗೊತ್ತು."

ಹೊರಗೆ ಮೆಟ್ಟಿಲ ಮೇಲೆ ಯಾರೋ ಮಾತಾಡುತ್ತ ಇಳಿದು ಹೋದರು. ಭಾವ ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡರು. ದನಿ ತಗ್ಗಿತು, ಕಚೇರಿಯಲ್ಲಿ ಅವರು ಆ ದನಿಯಲ್ಲಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ, ಅಮ್ಮ ಹಾಸಿಗೆ ಹಿಡಿದ ದಿನ ಮನೆಯಲ್ಲಿ ಕೇಳಿದ್ದಳು.

"ನೋಡು. ಯಜಮಾನ ಅಂತ ಕೇಳ್ತಿಲ್ಲ. ಇಷ್ಟು ವರ್ಷದಲ್ಲಿ ನಿನ್ನ ಹತ್ರ ಬಾಯಿಬಿಟ್ಟು ಏನಾದ್ರೂ ಕೇಳಿದೀನಾ? ಇಲ್ಲ ತಾನೇ. ಇವತ್ತು ನಿನ್ನ ಭಾವ ಕೇಳ್ತಿದೀನಿ. ಹತ್ತು ವಾರದ ಮಾತು. ಆಮೇಲೆ ನೀನು ಹೇಳಿದ ಹಾಗೇ ಮಾಡೋಣ, ನಾನೇ ಊರೂರು ಸುತ್ತಿ ಎಲ್ಲಾ ಮೆಷಿನ್ನಿಗೂ ಹಾಕಿಸ್ತೀನಿ. ಈಗ ಇದರ ಕೆಳಗೆ ನಿನ್ನ ಹೆಸರು ಹಾಕು, ಅಮ್ಮಾ."

ಕೀಲಿಮಣೆಯನ್ನು ಅವರೇ ಅವಳ ಕೈಯ ಹತ್ತಿರಕ್ಕೆ ಸರಿಸಿದರು.

ಅವಳು ಕೈಗಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಇಲ್ಲ ಭಾವ. ಹಾಕಲ್ಲ."