ಎರಡು ಮುಖದ ಮೈಕು

ಬನಹಟ್ಟಿಯ ಶಂಕ್ರೆವ್ವನಿಗೆ “ದಪ್ಪು ಕೆಳಗಿಡು” ಅಂದರೂ ಒಂದೇ, “ಮೂಗು ಕೊಯ್ದು ಕೊಡು” ಅಂದರೂ ಒಂದೇ. ಗೀಗೀ ಪದದ ವಾದದಲ್ಲಿ ಗಂಡು ಹೆಚ್ಚು ಅಂತ ಹಾಡುವವರು ಒಂದು ಕಡೆ, ಹೆಣ್ಣು ಹೆಚ್ಚು ಅಂತ ಹಾಡುವವರು ಇನ್ನೊಂದು ಕಡೆ. ಸವಾಲಿಗೆ ಜವಾಬು ಸಿಗದೆ ಬಾಯಿ ಕಟ್ಟಿದವರು ಕೈಯಲ್ಲಿ ಬಡಿಯುತ್ತ ಹಾಡುವ ಚರ್ಮದ ವಾದ್ಯ ದಪ್ಪನ್ನು ನೆಲಕ್ಕಿಡಬೇಕು. ಇಟ್ಟರೆ ಸೋತ ಹಾಗೆ. ಮುಧೋಳದಲ್ಲಿ ಹಾಡಿದ್ದಳು, ಬೀಳಗಿಯಲ್ಲಿ ಹಾಡಿದ್ದಳು, ಗಲಗಲಿಯ ಹೊಳೆದಂಡೆಯಲ್ಲಿ ಗಾಳಿಗೆ ಎದುರಾಗಿ ನಿಂತು ಹಾಡಿದ್ದಳು. ಒಮ್ಮೆಯೂ ಇಟ್ಟವಳಲ್ಲ.

ಅಂಥವಳಿಗೆ ಮುಂಬಯಿಯಿಂದ ಬಂದ ಪ್ಲೇಟು ಕಂಪನಿಯವರು ಮೊದಲು ಆಡಿದ ಮಾತೇ ಅದು!

ಜಮಖಂಡಿ ಸಂಸ್ಥಾನದಲ್ಲಿ ಆಗ ಗ್ರಾಮೊಫೋನು ಇದ್ದ ಮನೆಯವರೆಲ್ಲ ಗೀಗೀ ಪದದ ಪ್ಲೇಟು ಕೇಳತೊಡಗಿದ್ದರು. ಗಂಡಿನ ಪಕ್ಷಕ್ಕೆ ಸಾತಪ್ಪ, ಹೆಣ್ಣಿನ ಪಕ್ಷಕ್ಕೆ ಶಂಕ್ರೆವ್ವ, ಇಬ್ಬರ ವಾದವನ್ನು ಒಂದು ಪ್ಲೇಟಿನಲ್ಲಿ ಹಿಡಿಯಬೇಕೆಂದು ಕಂಪನಿಯ ಏಜೆಂಟ ವಾಮನರಾವ ಬಂದಿದ್ದ. ನೂಲಿನ ವ್ಯಾಪಾರಿ ಪಾರಿಸಪ್ಪನ ಗೋದಾಮನ್ನು ಕೇಳಿ ಪಡೆದರು. ಸುತ್ತ ಗೋಡೆಯೆತ್ತರಕ್ಕೆ ನೂಲಿನ ಪೆಂಡಿ ಒಟ್ಟಿದ್ದರಿಂದ ಒಳಗೆ ಮಾತಾಡಿದ್ದು ಒಂಚೂರೂ ಗುಂಯ್‌ಗುಡುತ್ತಿರಲಿಲ್ಲ. ಅಕ್ಕಪಕ್ಕದ ಮಗ್ಗಗಳನ್ನೂ ನಿಲ್ಲಿಸಿದ್ದರು. ಹುಟ್ಟಿದಾಗಿನಿಂದ ಮಗ್ಗದ ಸಪ್ಪಳದ ಮೇಲೆಯೇ ದನಿ ಏರಿಸಿ ಬೆಳೆದ ಶಂಕ್ರೆವ್ವನಿಗೆ ಆ ಮೌನವೇ ಮೊದಲು ಸಿಟ್ಟು ತರಿಸಿತು.

“ಏನ ಬೇ ಮರೆವ್ವಾ, ಯಾರರ ಸತ್ತಾರನ ಇಲ್ಲೆ?” ಅಂತ ಒಂಟಿ ತಂತಿಯ ತುಂತುಣಿ ಹಿಡಿದು ಹಿಂದೆ ನಿಂತಿದ್ದ ತನ್ನ ಹಿಮ್ಮೇಳದ ಗೆಳತಿಯನ್ನು ಕೇಳಿದಳು.

ನಡುವೆ ಒಂದು ಕಂಬಿಯ ಮೇಲೆ ಮೈಕು. ಹಿತ್ತಾಳೆಯ ದೊಡ್ಡ ಬಳೆಯ ನಡುವೆ ಸ್ಪ್ರಿಂಗುಗಳಿಂದ ತೂಗುಬಿಟ್ಟ ಕರಿಯ ಬಿಲ್ಲೆ. ಅದನ್ನು ಹೂಡಿ ನಿಲ್ಲಿಸಿದ್ದವನು ಹುಬ್ಬಳ್ಳಿಯ ಇಸ್ಮಾಯಿಲ್‌ಸಾಹೇಬ, ಕಿವಿಗೆ ಎರಡು ಬಟ್ಟಲು ಕಟ್ಟಿಕೊಂಡ ಸಣಕಲು ಮನುಷ್ಯ. ಸಾತಪ್ಪನನ್ನು ಮೈಕಿನ ಮುಂದೆ ಮೊಳ ದೂರಕ್ಕೆ ನಿಲ್ಲಿಸಿದ. ಶಂಕ್ರೆವ್ವನನ್ನು ಬಾಗಿಲ ಹತ್ತಿರ, ಪೆಂಡಿಗಳ ಸಂದಿಗೆ ಕಳಿಸಿದ. ಆಕೆ ಅಲ್ಲಿಂದಲೇ ಪದದ ಮೊದಲ ಸಾಲಿನ ಎತ್ತುಗಡೆ ಎತ್ತಿ ದಪ್ಪಿಗೆ ಹೊಡೆದಳು ನೋಡಿ, ಇಸ್ಮಾಯಿಲ್‌ಸಾಹೇಬ ಚೇಳು ಕಡಿದವನಂತೆ ಕಿವಿಯ ಬಟ್ಟಲು ಕಿತ್ತು ಹಾರಿದ.

“ಅಕ್ಕಾರ, ಆ ದಪ್ಪು ಕೆಳಗಿಡ್ರಿ!”

ಮರೆವ್ವನ ತುಂತುಣಿಯ ತಂತಿ ಅರ್ಧಕ್ಕೇ ನಿಂತಿತು. ಎದುರಾಳಿ ಸಾತಪ್ಪ ಕೂಡ ನಾಲಿಗೆ ಕಚ್ಚಿಕೊಂಡ.

“ಏನಂದ್ರಿ?” ಶಂಕ್ರೆವ್ವ ಕೇಳಿದಳು. “ಸವಾಲ ಹಾಕೂದರೊಳಗ ಸೋತೆ ಅನ್ನಬೇಕೇನ್ರಿ? ನಮ್ಮವ್ವ ಬಾಣಂತಿ ಇದ್ದಾಗ ಹಾಡಿದ್ರೂ ದಪ್ಪು ಇಟ್ಟಾಕಿ ಅಲ್ಲ. ನಿಮ್ಮ ಡಬ್ಬಿ ಮುಂದ ನಾ ಇಡ್ಲೇನು?”

ಪಾಪ, ಆ ಮನುಷ್ಯನಿಗೆ ಇಲ್ಲಿಯ ಪದ್ಧತಿ ಏನು ಗೊತ್ತು? ದಪ್ಪಿನ ಪೆಟ್ಟು ಬಿದ್ದರೆ ಮೈಕು ಚಿರ್ರೆನ್ನುತ್ತದೆ, ಮೇಣದ ಮೇಲೆ ಗೆರೆ ಕೊರೆಯುವ ಸೂಜಿ ಗೆರೆ ಬಿಟ್ಟು ಜಿಗಿಯುತ್ತದೆ, ಅಷ್ಟೇ ಅವನ ತಕರಾರು. ಸಾತಪ್ಪ ಹೋಗಿ ಅವನ ಕಿವಿಯಲ್ಲಿ ವಿಷಯ ಹೇಳಿದ. ಸಾಹೇಬ ಕೈಮುಗಿದು, “ತಪ್ಪಾತ್ರಿ ಅಕ್ಕಾರ, ನಂಗ ಗೊತ್ತಿರಲಿಲ್ಲ” ಅಂದ. ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಆದರೆ ಏಜೆಂಟ ವಾಮನರಾವನಿಗೆ ಬಾಯಿ ಮುಚ್ಚಿಕೊಂಡಿರುವುದು ಗೊತ್ತೇ ಇಲ್ಲ.

“ಹೆಂಗೂ ಕಡೀಕ ಕೆಳಗಿಡೂದ ಐತಲ್ಲ, ಬಾಯಾರ,” ಅಂದ. “ನಮ್ಮ ಕಂಪನಿ ಕವಿಗಳು ಬರದಾರ. ಕಡೀ ಸಾಲಿನ್ಯಾಗ ನೀವು ‘ಸೋತೆನು, ಶರಣು’ ಅನ್ನಬೇಕು. ಮಂದಿ ಮನ್ಯಾಗ ಹೆಂಡ್ರು ಮಕ್ಕಳ ಜೋಡಿ ಕುಂತು ಕೇಳೂ ಪ್ಲೇಟು ಇದು.”

ಓಹೋ! ದನಿ ಹಿಡಿಯುವ ಡಬ್ಬಿ ಆಕೆಯನ್ನು ಬಾಗಿಲಿಗೆ ಅಟ್ಟುತ್ತದೆ, ಕಾಣದ ಕವಿ ಆಕೆಯ ಬಾಯಲ್ಲಿ ಶರಣು ಅನ್ನಿಸುತ್ತಾನೆ. ಊರೂರಲ್ಲಿ ಬೆಳಗಿನ ತನಕ ವಾದಿಸಿ ಉಳಿಸಿಕೊಂಡದ್ದನ್ನು ಮೂರು ನಿಮಿಷದ ಪ್ಲೇಟಿನಲ್ಲಿ ಕಳಕೊಳ್ಳಬೇಕು. ಅದೂ ಒಮ್ಮೆ ಅಲ್ಲ, ಹಾಕಿದಷ್ಟು ಸಲ, ಕೇಳಿದ ಮನೆಮನೆಯಲ್ಲೂ.

“ಸಾಲಿನ ವಿಚಾರ ಆಮ್ಯಾಲ,” ಅಂದಳು. “ಮದಲ ನನ್ನ ದನಿ ನಂಗ ಕೇಳಸ್ರಿ. ನಿಮ್ಮ ಡಬ್ಬಿ ಅದನ್ನ ಏನ ಮಾಡತೈತಿ ನಾ ನೋಡಬೇಕು.”

“ಮೇಣಾ ಒಮ್ಮಿ ಕೇಳಿದ್ರ ಹಾಳಾಕ್ಕೈತಿ. ಹಂಗೆಲ್ಲಾ ಕೇಳಸಾಕ ಬರೂದಿಲ್ಲ,” ಅಂದ ಏಜೆಂಟ.

“ಹಂಗಾರ ಹಾಡಾಕೂ ಬರೂದಿಲ್ಲ. ನಡಿ ಮರೆವ್ವಾ, ಮನ್ಯಾಗ ಮಗ್ಗದ ಮ್ಯಾಲ ಹಾಸು ಅರ್ಧಕ್ಕ ನಿಂತೈತಿ.”

ಹೊರಟೇಬಿಟ್ಟಳು. ವಾಮನರಾವ ಮುಧೋಳದ ನಾಟಕ ಕಂಪನಿಯ ಇಂಪು ದನಿಯ ಹುಡುಗಿಯೊಬ್ಬಳ ಹೆಸರು ತೆಗೆದು, ಆಕೆಯನ್ನೇ ಕರೆಸುತ್ತೇನೆಂದು ಹೆದರಿಸಿದ. ಆಗ ಸಾತಪ್ಪ ತಲೆಯ ಪಟಗ ಬಿಚ್ಚಿ ಕೊಡವಿ ಹೆಗಲಿಗೆ ಹಾಕಿಕೊಂಡ.

“ನಾಟಕದ ಹುಡುಗಿ ಜೋಡಿ ನಾ ಏನ ವಾದಾ ಮಾಡ್ಲಿರಿ? ಗೆದ್ರೂ ಮಂದಿ ನಗತಾರ. ಶಂಕ್ರೆವ್ವಕ್ಕ ಹೋದ್ರ ನಾನೂ ಹೊಂಟೆ,” ಅಂದ.

ಸೋಲಿಸಬೇಕೆಂದು ವರ್ಷಾನುಗಟ್ಟಲೆ ಬೆನ್ನು ಬಿದ್ದಿದ್ದ ಮನುಷ್ಯ ಅವನು. ಶಂಕ್ರೆವ್ವ ಅವನತ್ತ ನೋಡಲೂ ಇಲ್ಲ. ಆದರೆ ಆ ಮಾತು ಮನಸ್ಸಿಗೆ ಹಿತವಾಯಿತು.

ಏಜೆಂಟ ಹಲ್ಲು ಕಡಿದು ಒಪ್ಪಿದ. ಬಳೆಯ ಮೈಕಿನಲ್ಲಿ ಇಬ್ಬರನ್ನೂ ಹಾಡಿಸಿ, ಹಿಡಿದದ್ದನ್ನು ಮೊದಲು ಕೇಳಿಸಿದರು. ಸಾತಪ್ಪನ ದನಿ ಗುಡುಗಿತು. ಹಿಂದೆಲ್ಲೋ ಬಾವಿಯೊಳಗೆ ಯಾರೋ ಅತ್ತಂತೆ ಕೇಳಿದ್ದು ಶಂಕ್ರೆವ್ವನದು. “ಇದು ನಾ ಅಲ್ಲ,” ಅಂದಳು. ಇನ್ನೊಂದು ಮೈಕು ತಂದರು, ಮುಖದ ತುಂಬ ತೂತಿನ ತಗಡು. ಅದು ಆಕೆಯ ದನಿಯನ್ನು ಜರಡಿ ಹಿಡಿದು, ತೂಕವಿದ್ದದ್ದನ್ನೆಲ್ಲ ಮೇಲೇ ಉಳಿಸಿಕೊಂಡು ಬರೀ ಹಿಟ್ಟು ಉದುರಿಸಿತ್ತು.

“ಇದೂ ಅಲ್ಲ. ನೆಗಡಿ ಬಂದ ಹುಡುಗೀನ ಹಾಡಿಸೀರೇನು? ಆ ಪೆಟ್ಟಿಗ್ಯಾಗ ಏನೈತಿ?”

ಮೂಲೆಯಲ್ಲಿ ಮಖಮಲ್ಲಿನ ಒಳಹೊದಿಕೆಯ ಪೆಟ್ಟಿಗೆಯೊಂದಿತ್ತು. ಇಸ್ಮಾಯಿಲ್‌ಸಾಹೇಬ ಏಜೆಂಟನ ಮುಖ ನೋಡಿದ. ಏಜೆಂಟ, “ಅದು ದರಬಾರಿ ಗವಾಯಿಗಳಿಗೆ. ಬಯಲಾಗ ಒದರೂ ಮಂದಿಗಲ್ಲ,” ಅಂದ.

“ತಗೀರಿ,” ಅಂದಳು ಶಂಕ್ರೆವ್ವ.

ಸಾಹೇಬ ತೆಗೆದ. ಅವನಿಗೂ ತೆಗೆಯುವ ಆಸೆ ಇತ್ತೆಂದು ಕಾಣುತ್ತದೆ, ಕೂಸನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಎತ್ತಿ ನಿಲ್ಲಿಸಿದ. ನೋಡಲು ಲಾಂದ್ರದ ಹಾಗಿತ್ತು. ಹಿಂದೆ ಮುಂದೆ ಎರಡೂ ಕಡೆ ಜಾಳಿಗೆ, ಒಳಗೆ ಜರಿಯ ಎಳೆಗಿಂತ ತೆಳ್ಳಗಿನ ಲೋಹದ ಪಟ್ಟಿ.

“ಇದಕ್ಕ ಎರಡು ಮುಖಾ ಅಕ್ಕಾರ. ಈ ಕಡೆ ಹಾಡಿದ್ರೂ ಕೇಳತೈತಿ, ಆ ಕಡೆ ಹಾಡಿದ್ರೂ ಅಷ್ಟ ಕೇಳತೈತಿ. ಪಕ್ಕಕ್ಕಷ್ಟ ಕಿವುಡು. ಖರೆ ಒಳಗಿನ ಪಟ್ಟಿ ಭಾಳ ನಾಜೂಕು. ಜೋರ ಗಾಳಿ ಬಡದ್ರ ಹರೀತೈತಿ.”

“ಹರದ್ರ ಹರೀಲಿ,” ಅಂದಳು. “ನಮ್ಮ ವಾದದಾಗೂ ಎರಡ ಮುಖಾ ಐತಿ. ಸಾತಪ್ಪಾ, ನೀ ಆ ಕಡೆ ನಿಂದರು. ನಾ ಈ ಕಡೆ. ಅವಂಗ ಎಷ್ಟ ದೂರೋ ನಂಗೂ ಅಷ್ಟ. ಒಂದ ಬೆಟ್ಟು ಹೆಚ್ಚಲ್ಲ, ಒಂದ ಬೆಟ್ಟು ಕಡಿಮಿ ಅಲ್ಲ.”

ಹಿಮ್ಮೇಳದವರನ್ನು ಕಿವುಡು ಪಕ್ಕಕ್ಕೆ ನಿಲ್ಲಿಸಿ, ಇಬ್ಬರನ್ನೂ ಎದುರುಬದುರು ಹಾಡಿಸಿ ಕೇಳಿಸಿದರು. ಶಂಕ್ರೆವ್ವ ಕಣ್ಣು ಮುಚ್ಚಿ ಕೇಳಿದಳು. ದಪ್ಪಿನ ಪೆಟ್ಟು ಚಿರ್ರೆನ್ನದೆ ದುಂಡಗೆ ಬಂತು. ಅದರ ಮೇಲೆ ಒಂದು ದಪ್ಪ, ಒರಟು, ತುಸು ಒಡಕು ದನಿ ಸಾತಪ್ಪನ ದನಿಗೆ ಸರಿಸಮನಾಗಿ ಬಂದು ಎದೆಗೆ ಎದೆ ಕೊಟ್ಟಿತು. ಅವ್ವನ ದನಿ ಅದು! ತನ್ನ ಗಂಟಲಲ್ಲಿ ಅವ್ವ ಇಷ್ಟು ದಿನ ಕೂತಿದ್ದು ಆಕೆಗೇ ಗೊತ್ತಿರಲಿಲ್ಲ. ಕಣ್ಣು ತುಂಬಿತು, ಸೆರಗಿನಲ್ಲಿ ಒರೆಸಿಕೊಂಡು ಗದರಿದಳು.

“ಇದು ನಾನು. ಇದರಾಗ ಹಿಡದ್ರ ಹಾಡ್ತೀನಿ, ಇಲ್ಲಂದ್ರ ಇಲ್ಲ.”

“ಆತು ಆತು,” ಅಂದ ವಾಮನರಾವ. “ಮೈಕು ನಿಮ್ಮದು. ಕಡೀ ಸಾಲು ನಮ್ಮದು.”

“ಹಾಡೂದನ್ನ ಹಾಡ್ತೀನಿ, ಹಚ್ರಿ ನಿಮ್ಮ ದನಿ ಹಿಡಿಯೂ ಕೆಂಪು ದೀಪಾ.”

ಪ್ಲೇಟಿನ ಒಂದು ಮಗ್ಗುಲು ಸುಸೂತ್ರವಾಗಿ ಮುಗಿಯಿತು. ಇನ್ನೊಂದು ಮಗ್ಗುಲಿಗೆ ಕೆಂಪು ದೀಪ ಹೊತ್ತಿತು. ಅದು ಹೊತ್ತಿದ ಮೇಲೆ ಯಾರೂ ಕೆಮ್ಮುವ ಹಾಗಿಲ್ಲ. ಕೆಮ್ಮಿದರೆ ಅದೂ ಮೇಣಕ್ಕೆ ಇಳಿಯುತ್ತದೆ. ಸಾತಪ್ಪ ಗಂಡಿನ ಹೆಚ್ಚುಗಾರಿಕೆ ಕೊಚ್ಚಿ ಸವಾಲು ಹಾಕಿದ. ಈಗ ಆಕೆ ಶರಣು ಅನ್ನಬೇಕು. ಶಂಕ್ರೆವ್ವ ದಪ್ಪನ್ನು ಎದೆಗೆ ಎತ್ತಿಕೊಂಡಳು.

ಹಾಸಿನ ಎಳಿ ನೀನ ಆದರ
ಹೊಕ್ಕಿನ ಎಳಿ ನಾನೋ,
ನಾ ಹೊಗದ ನೀ ಸೀರಿಯಾಗೋ
ಬರೆ ದಾರದ ಜಾಣೋ!

ವಾಮನರಾವ ಎದ್ದು ಕುಣಿದಾಡತೊಡಗಿದ. ಕೈ ಬೀಸಿದ, ಕುತ್ತಿಗೆ ಕೊಯ್ಯುವ ಸನ್ನೆ ಮಾಡಿದ, ಬರೆದುಕೊಟ್ಟ ಹಾಳೆ ತೋರಿಸಿದ. ಬಾಯಿ ಮಾತ್ರ ತೆಗೆಯುವ ಹಾಗಿರಲಿಲ್ಲ, ಮಾತು ನುಂಗಿ ನುಂಗಿ ಮುಖ ಕೆಂಪಾಯಿತು. ಅವನನ್ನು ನೋಡಿ ಸಾತಪ್ಪನಿಗೆ ನಗು ತಡೆಯದಾಯಿತು. ನಗು ಮೇಣಕ್ಕೆ ಬೀಳಬಾರದೆಂದು ಅವನು “ಗೀಯ ಗೀಯ” ಅಂತ ಆಕೆಯ ಪದಕ್ಕೇ ದನಿಗೂಡಿಸಿಬಿಟ್ಟ. ತುಂತುಣಿ ಜೋರಾಯಿತು. ಹಾಡು ಮುಗಿದು ದೀಪ ಆರುವ ಮುಂಚೆ ಶಂಕ್ರೆವ್ವ ಮೈಕಿನ ಜಾಳಿಗೆಗೆ ಬಾಯಿ ತಂದು ಮೆಲ್ಲಗೆ ಏನೋ ಅಂದಳು. ತುಂತುಣಿಯ ಗದ್ದಲದಲ್ಲಿ ಅದು ಏಜೆಂಟನಿಗೆ ಕೇಳಿಸಲಿಲ್ಲ. ಕಿವಿಗೆ ಬಟ್ಟಲು ಕಟ್ಟಿಕೊಂಡಿದ್ದ ಇಸ್ಮಾಯಿಲ್‌ಸಾಹೇಬ ತಲೆ ಎತ್ತಿ ಆಕೆಯನ್ನು ನೋಡಿದ, ಮತ್ತೆ ತಲೆ ತಗ್ಗಿಸಿದ.

ದೀಪ ಆರಿತು. ಏಜೆಂಟನ ಬಾಯಿ ಬಿಚ್ಚಿತು. ಅವನು ಅಂದದ್ದನ್ನೆಲ್ಲ ಇಲ್ಲಿ ಬರೆಯುವುದು ಬೇಡ.

ಮತ್ತೆ ಹಾಡಿಸಿದ. ಆಕೆ ಮತ್ತೆ ಅದನ್ನೇ ಹಾಡಿದಳು. ಬೈದು ಹಾಡಿಸಿದ, ಕೈಮುಗಿದು ಹಾಡಿಸಿದ. ಸಾಲು ಬದಲಾಗಲಿಲ್ಲ, ದನಿ ಮಾತ್ರ ಸಲಕ್ಕೊಮ್ಮೆ ಏರಿತು.

“ಸಂಜೀತನಕ ಹಾಡಸ್ರಿ,” ಅಂದಳು. “ನಾವು ಬೆಳತನಕ ಹಾಡೂ ಮಂದಿ.”

ವಾಮನರಾವ ಪೆಂಡಿಯ ಮೇಲೆ ಕುಸಿದು, “ಮದಲ ಹಿಡದದ್ದನ್ನ ಕಟ್ಟೋ ಮಾರಾಯಾ,” ಅಂತ ಸಾಹೇಬನಿಗೆ ಅಂದ. ಮೈಕಿನೊಳಗಿನ ಪಟ್ಟಿ ಹರಿದಿರಲಿಲ್ಲ.

ಪ್ಲೇಟು ಜಮಖಂಡಿ ಪೇಟೆಗೆ ಬಂದದ್ದು ಬೇಸಿಗೆ ಕಳೆದ ಮೇಲೆ. ಶಂಕ್ರೆವ್ವ ಮರೆವ್ವನನ್ನು ಕರೆದುಕೊಂಡು ಹೋದಳು, ಸಾತಪ್ಪನೂ ಬಂದ. ಅಂಗಡಿಯ ಮುಂದೆ ಮಂದಿ ನೆರೆದಿತ್ತು. ಸಾತಪ್ಪ ಪ್ಲೇಟನ್ನು ಕೈಗೆ ತಗೊಂಡು ನಡುವಿನ ಕೆಂಪು ಚೀಟಿ ಓದಿದ. ಅವನ ಮುಖ ಇಳಿಯಿತು.

“ಅಕ್ಕಾ...”

“ಏನೈತಿ ಹೇಳು. ನಂಗ ಓದಾಕ ಬರೂದಿಲ್ಲಂತ ಸುಳ್ಳ ಹೇಳಬ್ಯಾಡ.”

“‘ಸಾತಪ್ಪ ಮತ್ತು ಸಂಗಡಿಗರು’ ಅಂತ ಐತಿ. ನಿನ್ನ ಹೆಸರ ಇಲ್ಲ.”

ಮರೆವ್ವ ಏಜೆಂಟನ ಏಳು ತಲೆಮಾರನ್ನು ಬೀದಿಗೆ ಎಳೆದಳು. ಸಾತಪ್ಪ ಪ್ಲೇಟು ನೆಲಕ್ಕೆ ಬಡಿಯಲು ಎತ್ತಿದ. ಶಂಕ್ರೆವ್ವ ಅವನ ಕೈ ಹಿಡಿದಳು.

“ಒಡದಗಿಡದಿ ಮತ್ತ! ಕೊಡು ಇಲ್ಲೆ. ಸಾವಕಾರ, ಇದನ್ನ ಹಚ್ರಿ. ಸಪ್ಪಳ ಮಾಡಬ್ಯಾಡ್ರಿ ಎಲ್ಲಾರೂ.”

ಸೂಜಿ ಇಳಿಯಿತು. ಸಾತಪ್ಪನ ಸವಾಲು ಬಂತು. ಹಿಂದೆಯೇ ಆ ಒರಟು ದನಿ ಪೇಟೆಯನ್ನೆಲ್ಲ ತುಂಬಿ ಬಂತು, ಬಂಡಿಯವನೊಬ್ಬ ಎತ್ತುಗಳನ್ನು ನಿಲ್ಲಿಸಿದ. ಹಾಸು ಹೊಕ್ಕಿನ ಸಾಲಿಗೆ ಅಲ್ಲಿದ್ದ ಹೆಂಗಸರೆಲ್ಲ “ಭಲೇ” ಅಂದರು. ಗೀಯ ಗೀಯ ಮುಗಿಯಿತು, ತುಂತುಣಿ ಇನ್ನೂ ನುಡಿಯುತ್ತಿತ್ತು. ಅಂಗಡಿಯವ ಮುಗಿಯಿತೆಂದು ಸೂಜಿ ಎತ್ತಲು ಹೋದಾಗ ಶಂಕ್ರೆವ್ವ ಅವನ ಕೈ ತಡೆದಳು.

ಎಲ್ಲರ ಕಿವಿಗೂ ಅಂಟಿಕೊಂಡಂತೆ, ಮೆಲ್ಲಗೆ, ಪ್ಲೇಟು ಮಾತಾಡಿತು.

“ಹಾಡಿದಾಕಿ ಬನಹಟ್ಟಿ ಶಂಕ್ರೆವ್ವ. ದಪ್ಪು ಕೆಳಗಿಟ್ಟಿಲ್ಲ.”