ಕಣ್ಣಿಗೆ ಕಟ್ಟಿದ ಖಣ

ನಾನು ಒಂದು ಖಣ. ರವಿಕೆಗೆಂದು ಹುಟ್ಟಿ, ಇಂದಿಗೂ ಸೂಜಿಯ ಮುಖ ಕಾಣದ ಬಟ್ಟೆ. ಗುಳೇದಗುಡ್ಡದ ಕುಣಿಮಗ್ಗವೊಂದರಲ್ಲಿ ಒಬ್ಬ ಮುದುಕಿ ನನ್ನನ್ನು ನೆಯ್ದಳು. ಮಗ್ಗದಿಂದ ಬಿಡಿಸಿದ ದಿನ ಬಿಸಿಲಿಗೆ ಹಿಡಿದು, "ಒಂದ ಎಳಿ ಬೆಳಕ ಸೈತ ತೂರಂಗಿಲ್ಲ ನೋಡ" ಎಂದು ತನಗೆ ತಾನೇ ಹೇಳಿಕೊಂಡಳು.

ಗದಿಗೆಪ್ಪ ನನ್ನನ್ನು ಕೊಂಡದ್ದು ಪಂಚಮಿಗೆ ತವರಿಗೆ ಬಂದಿದ್ದ ಅಕ್ಕ ನೀಲವ್ವನಿಗಾಗಿ. ಅವನ ಅಂಗಿಯೊಳಗೆ ಮಡಚಿ ಕೂತು ಊರಿಗೆ ಬರುವಾಗ, ತೋಳಾಗುವುದನ್ನು, ಬೆನ್ನಾಗುವುದನ್ನು, ಒಬ್ಬ ಹೆಣ್ಣುಮಗಳ ಉಸಿರಿನ ಜೊತೆ ಏರಿಳಿಯುವುದನ್ನು ಕನಸು ಕಾಣುತ್ತಿದ್ದೆ.

ಆ ಊರಲ್ಲಿ ಪಂಚಮಿಯೆಂದರೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಪಣ. ಆ ವರ್ಷ ಕಣ್ಣು ಕಟ್ಟಿ ನಡೆಯುವ ಪಣಕ್ಕೆ ರೊಕ್ಕ ಹಿಡಿದು ನಿಂತವನು ಕಲ್ಲುಗಣಿಯ ಚನಮಲ್ಲ ಸಾವಕಾರ. ಗದಿಗೆಪ್ಪ ನಡೆಯಲು ಮುಂದೆ ಬಂದ. ಟವೆಲ್ ಕಟ್ಟಿದರೆ ಕಾಣುತ್ತದೆಂದು ಸಾವಕಾರ ತಕರಾರು ತೆಗೆದ.

"ಕಣ್ಣ ಬಿಟ್ಟು ನಡದರೂ ಎಡವತಾನ ಇಂವ," ಎಂದು ಯಾರೋ ನಕ್ಕರು. ಗದಿಗೆಪ್ಪ ಅಂಗಿಯೊಳಗಿಂದ ನನ್ನನ್ನು ಎಳೆದು ಕೊಟ್ಟ.

ಕಣ್ಣು ಕಟ್ಟಿದವನ ಮುಂದೆ ಒಡಹುಟ್ಟಿದವರು ಚಪ್ಪಾಳೆ ತಟ್ಟುತ್ತ ಹೋಗಬೇಕು, ಆ ಸದ್ದು ಹಿಡಿದು ಅವನು ನಡೆಯಬೇಕು. ನಿಯಮ ಅಷ್ಟೇ. ಬೇವಿನ ಮರದವರೆಗೆ ನಡೆದದ್ದಕ್ಕೆ ಐನೂರು ಬಂತು. ಗರಡಿಮನೆಯ ಗೋಡೆಯ ಮೇಲೆ ನಡೆದದ್ದಕ್ಕೆ ಎರಡು ಸಾವಿರ. ಆಮೇಲೆ ಸಾವಕಾರ ಹಾಳುಬಾವಿಯ ಕಟ್ಟೆ ತೋರಿಸಿದ. ಒಂದು ಸುತ್ತು ಬಂದರೆ ಹತ್ತು ಸಾವಿರ.

"ಬ್ಯಾಡೋ, ಸಾಕ," ಎಂದಳು ನೀಲವ್ವ.

"ಹೊಲಿಗಿ ಮಿಷನ್ ಬರತೈತಿ ಅಕ್ಕಾ. ನಿನ್ನ ಗಂಡನ ಮುಂದ ಕೈ ಚಾಚೂದು ತಪ್ಪತೈತಿ."

"ಮಿಷನ್ ಇಲ್ದ ನಾ ಏನ್ ಸತ್ತೀನಿ? ಇಳಿ ಕೆಳಗ."

ಅವನು ಆಗಲೇ ಕಟ್ಟೆ ಹತ್ತಿದ್ದ. ಅವಳು ಚಪ್ಪಾಳೆ ತಟ್ಟಲೇಬೇಕಾಯಿತು. ಜನ ದೂರ ನಿಂತಿದ್ದರು. ಸಾವಕಾರನೊಬ್ಬನೇ ಪಕ್ಕದಲ್ಲಿ ಹೆಜ್ಜೆ ಎಣಿಸುತ್ತ ಬಂದ. ನನ್ನ ಕೆಳಗೆ ಗದಿಗೆಪ್ಪನ ರೆಪ್ಪೆಗಳು ಹಿಡಿದ ಹಕ್ಕಿಯಂತೆ ನಡುಗುತ್ತಿದ್ದವು. ಸುತ್ತು ಮುಗಿಯುತ್ತ ಬಂದಾಗ ಅವನ ಕಾಲಡಿಯಿಂದ ಒಂದು ಹರಳು ಜಾರಿತು. ಅದು ನೀರು ಮುಟ್ಟಿದ ಸದ್ದು ಕೇಳಲು ಬಹಳ ಹೊತ್ತು ಹಿಡಿಯಿತು.

ನೀಲವ್ವನೂ ಅದನ್ನು ಕೇಳಿದಳು. ಚಪ್ಪಾಳೆ ಇಲ್ಲದಿದ್ದರೆ ತಮ್ಮ ನಿಂತಾನು, ಇಳಿದಾನು ಎಂದುಕೊಂಡು ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟು ಬೆನ್ನು ತಿರುಗಿಸಿ ನಿಂತಳು.

ಅವನು ನಿಂತ. ನನಗೆ ಗೊತ್ತು. ನನ್ನೊಳಗೆ ಕಣ್ಣು ತೆರೆದ. ರೆಪ್ಪೆಗೂದಲು ನನ್ನನ್ನು ಸವರಿದವು. ಗಂಟು ಬಿಚ್ಚಲು ಕೈ ಎತ್ತಿದ. ಆಗ ಸಾವಕಾರ ಮೆಲ್ಲಗೆ ಅಂದ: "ನಾಕ ಹೆಜ್ಜಿ ಉಳದಾವ. ಇಳದ್ಯೋ, ಅಕ್ಕನ ಮಿಷನ್ ಹೋತು."

ಕೈ ಗಂಟನ್ನು ಬಿಟ್ಟಿತು. ನಾಲ್ಕರಲ್ಲಿ ಮೂರು ಹೆಜ್ಜೆ ಇಟ್ಟ.

ಬಾವಿಯಿಂದ ಅವನನ್ನು ಎತ್ತಿದಾಗಲೂ ನಾನು ಅವನ ಕಣ್ಣ ಮೇಲೇ ಇದ್ದೆ. ಒದ್ದೆಗಂಟನ್ನು ನೀಲವ್ವ ಹಲ್ಲಿನಿಂದ ಬಿಚ್ಚಿದಳು. "ಚಪ್ಪಾಳಿ ನಿಂತಿತು, ಹುಡುಗ ದಿಕ್ಕ ತಪ್ಪಿದ," ಎಂದ ಸಾವಕಾರ. ಅವನ ಗಣಿಯಲ್ಲಿ ದುಡಿಯುವವರು ತಲೆಯಾಡಿಸಿದರು. ಅವಳೂ ನಂಬಿದಳು.

ಈಗ ನಾನು ಅವಳ ಟ್ರಂಕಿನ ತಳದಲ್ಲಿದ್ದೇನೆ. ಮಡಿಕೆಗಳಲ್ಲಿ ಸೀಳು ಬಿಟ್ಟಿದೆ. ಪ್ರತಿ ಪಂಚಮಿಗೂ ಅವಳು ನನ್ನನ್ನು ತೆಗೆದು ತೊಡೆಯ ಮೇಲೆ ಹರವಿಕೊಳ್ಳುತ್ತಾಳೆ. ಈ ಸಲ ಸೊಸೆ ಕೇಳಿದಳು, "ಅತ್ತೀ, ಹೊಲಿಯಾಕ ಕೊಟ್ಟು ಬರಲೇನ್ರಿ?"

"ಬ್ಯಾಡವಾ," ಎಂದಳು. ಸೊಸೆ ಒಳಗೆ ಹೋದ ಮೇಲೆ ನನ್ನ ಕಡೆ ಬಾಗಿ, "ನಾ ಕೈ ನಿಲ್ಲಿಸಿದ್ದಕ್ಕನ ಹೋದ್ಯೇನೋ ತಮ್ಮಾ?" ಎಂದು ಕೇಳಿದಳು.

ಸೂಜಿಯ ಆಸೆ ನನಗೆ ಎಂದೋ ಹೋಯಿತು. ಈಗ ಬೇಕಾದದ್ದು ಒಂದು ಬಾಯಿ. ಆದರೆ ಅವನು ನಿಂತದ್ದನ್ನು ಹೇಳಿದರೆ, ಮತ್ತೆ ಯಾಕೆ ನಡೆದನೆಂದು ಅವಳು ಕೇಳದೆ ಬಿಡುವುದಿಲ್ಲ. ಹಾಗಾಗಿ ಅರ್ಧ ಹೇಳಿ ಮುಚ್ಚಿಕೊಳ್ಳಬಲ್ಲ ಬಾಯಿಗಾಗಿ ಹಂಬಲಿಸುತ್ತೇನೆ: ಅಕ್ಕಾ, ನೀನು ಕೈ ನಿಲ್ಲಿಸಿದಾಗ ಅವನು ನಿಂತಿದ್ದ.