ಆನೆ ತುಳ್ದ ಕ್ಯಾರಿಯರ್ರು

ಶಾಂತರಾಜುವಿನ ಯೆಜ್ಡಿ ಬೈಕು ಅವನಿಗಿಂತ ಆರು ವರ್ಷಕ್ಕೆ ದೊಡ್ದು, ಮರ್ಯಾದೇನೂ ಅಷ್ಟೇ ಜಾಸ್ತಿ. ಹನೂರಿನ ಗೊಬ್ಬರದಂಗಡೀಲಿ ಕೆಲಸ ಮಾಡೋ ಈ ಮನುಷ್ಯ ದಿನಾ ಬೆಳಿಗ್ಗೆ ಎದ್ದೋನೇ ಅದರ ಎರಡು ಸೈಲೆನ್ಸರಿಗೂ ಹುಣಸೇಹಣ್ಣು ಹಚ್ಚಿ ತಿಕ್ಕೋನು, ಸೀಟಿಗೆ ಕೊಬ್ಬರಿ ಎಣ್ಣೆ ಸವರೋನು, ಆಮೇಲೆ ತನ್ನ ಮುಖ ತೊಳ್ಕಳೋನು. "ನನ್ ತಲೆಗೆ ಎಣ್ಣೆ ಇಲ್ಲ, ಅವರ ಸೀಟು ಮಾತ್ರ ಮಿರಮಿರ ಅಂತದೆ" ಅಂತ ಹೆಂಡ್ತಿ ಭವ್ಯ ಅಕ್ಕಪಕ್ಕದೋರಿಗೆಲ್ಲಾ ಹೇಳ್ಕಂಡು ಬಂದಿದ್ಲು.

ಬೈಕಲ್ಲಿ ಎಲ್ಲಾ ಒರಿಜಿನಲ್ಲು. ಹಾರ್ನು, ಹೆಡ್‌ಲೈಟು, ಕಿಕ್ಕೂ ಗೇರೂ ಎರಡೂ ಆಗೋ ಆ ಒಂದೇ ಲಿವರು, ಎಲ್ಲಾ ಕಂಪ್ನಿದೇ. ಹಿಂದಿನ ಕ್ಯಾರಿಯರ್ ಒಂದು ಬಿಟ್ಟು. ಅದನ್ನ ಮುಂಚೆ ಬೈಕ್ ಇಟ್ಕಂಡಿದ್ದ ಹಾಲಿನೋರು ದಪ್ಪ ಕಬ್ಬಿಣದ ಪಟ್ಟೀಲಿ ಹೊಡೆಸಿದ್ರು. ಅದರ ಮೇಲೆ ಗ್ಯಾಸ್ ಸಿಲಿಂಡರ್ ಇಡಬೌದು, ಒಂದ್ ಮೂಟೆ ಯೂರಿಯಾ ಅಡ್ಡಡ್ಡ ಮಲಗಿಸಬೌದು, ಬೇಕಾದ್ರೆ ಒಂದು ಬೀರೂನೂ ಕಟ್ಟಬೌದು. ಇಡೀ ಬೈಕಲ್ಲಿ ಭವ್ಯಳಿಗೆ ಇಷ್ಟವಾಗಿದ್ದು ಅದೊಂದೇ. ಶಾಂತರಾಜು ಕಂಡ್ರೆ ಉರ್ಕೊಳ್ತಿದ್ದಿದ್ದೂ ಅದೊಂದನ್ನೇ.

ಯಾಕಂದ್ರೆ ಕೊಳ್ಳೇಗಾಲದಲ್ಲಿ ಒಂದು ಹಳೇ ಬೈಕಿನ ಬಳಗ ಇತ್ತು. ಅದಕ್ಕೆ ಅಧ್ಯಕ್ಷರು ಮಹದೇವಸ್ವಾಮಿ ಮೇಷ್ಟ್ರು, ಫಿಸಿಕ್ಸ್ ಪಾಠ ಮಾಡಿ ರಿಟೈರ್ ಆದೋರು. ಬೈಕಿನ ಒಂದೊಂದು ಬೋಲ್ಟನ್ನೂ ಭೂತಗನ್ನಡಿ ಹಿಡ್ಕಂಡು ನೋಡಿ, ಎಲ್ಲಾ ಸರಿ ಇದ್ರೆ ಟ್ಯಾಂಕ್ ಮೇಲೆ ಅಂಗೈ ಅಗಲದ ಬಂಗಾರದ ಬಣ್ಣದ ಸ್ಟಿಕ್ಕರ್ ಅಂಟಿಸ್ತಿದ್ರು. 'ಒರಿಜಿನಲ್'. ಅಷ್ಟೇ ಬರೆದಿರೋದು. ಸ್ಟಿಕ್ಕರ್ ಇದ್ದೋರು ರೈಡಲ್ಲಿ ಮುಂದೆ, ಇಲ್ಲದೋರು ಹಿಂದೆ. ಅಷ್ಟೇ ಆಗಿದ್ರೆ ಶಾಂತರಾಜು ಸಹಿಸ್ಕೊಳೋನು. ಆದ್ರೆ ಬಳಗದಲ್ಲಿ ಇನ್ನೊಂದು ರೂಲ್ಸಿತ್ತು. ಒರಿಜಿನಲ್ ಲಗೇಜ್ ಕ್ಯಾರಿಯರ್ ಮೇಲೆ ಯಾರೂ ಲಗೇಜ್ ಇಡಂಗಿಲ್ಲ. ಇಟ್ರೆ ಪೇಂಟು ಕೆರೆದೋಗುತ್ತೆ, ಪೈಪು ಜಗ್ಗುತ್ತೆ, ಇತಿಹಾಸ ಹಾಳಾಗುತ್ತೆ.

ಈ ರೂಲ್ಸ್ ಕೇಳಿ ಭವ್ಯ ಕೈಲಿದ್ದ ಮೊರ ಕೆಳಗಿಟ್ಟಿದ್ಲು. "ಲಗೇಜ್ ಕ್ಯಾರಿಯರ್ ಮೇಲೆ ಲಗೇಜ್ ಮಡಗಂಗಿಲ್ವ?"

"ಇಲ್ಲ."

"ಮತ್ತೆ ಅದ್ಯಾಕ್ ಬೇಕು ಅವ್ರಿಗೆ?"

"ನಿಂಗೆ ಅದೆಲ್ಲ ಅರ್ಥ ಆಗಲ್ಲ ಬುಡು" ಅಂದಿದ್ದ ಶಾಂತರಾಜು. ಅವನಿಗೂ ಆಗಿರಲಿಲ್ಲ.

ಆದ್ರೆ ಮನುಷ್ಯರು ಅಂದ್ಮೇಲೆ ಲಗೇಜು ಇರುತ್ತೆ ತಾನೆ. ಹನ್ನೊಂದು ಜನದ ಬ್ಯಾಗು, ಅಡುಗೆ ಸ್ಟೌವು, ನೀರಿನ ಕ್ಯಾನು, ಮೇಷ್ಟ್ರು ಕೂರೋ ಮಡಚೋ ಕುರ್ಚಿ. ಇದೆಲ್ಲಾ ಸ್ಟಿಕ್ಕರ್ ಇಲ್ಲದ ಬೈಕ್ ಹೊರಬೇಕು. ಸ್ಟಿಕ್ಕರ್ ಇಲ್ಲದ ಬೈಕು ಬಳಗದಲ್ಲಿ ಒಂದೇ. ಎರಡು ವರ್ಷದಿಂದ ಶಾಂತರಾಜು ಮಾದಪ್ಪನ ಬೆಟ್ಟದ ತಿರುವಲ್ಲೆಲ್ಲಾ ಫಸ್ಟ್ ಗೇರಲ್ಲಿ ಮದುವೆಮನೆ ಸಾಮಾನಿನ ಗಾಡಿ ಥರ ಹತ್ತಿಸಿದ್ದ. ಅವನು ಮೇಲಕ್ಕೆ ಹೋಗಿ ಮುಟ್ಟೋ ಹೊತ್ತಿಗೆ ಫೋಟೋ ತೆಗೆದಾಗಿರೋದು, ಇಡ್ಲಿ ಮುಗಿದಿರೋದು. "ಬಂದ್ಯಾ ಹನೂರು? ಕುರ್ಚಿ ಇಳಿಸು" ಅನ್ನೋರು ಮೇಷ್ಟ್ರು. ಎರಡು ವರ್ಷ ಆದ್ರೂ ಅವನ ಹೆಸರು ಅವರ ಬಾಯಿಗೆ ಬಂದಿರಲಿಲ್ಲ.

ಈಗ ಮುಂದಿನ ತಿಂಗಳು ಪಾಲಾರ್‌ಗೆ ರೈಡು ಅಂತ ವಾಟ್ಸಾಪಲ್ಲಿ ಬಂತು. ಅದಕ್ಕೂ ಮುಂಚೆ ಒಂದು ಭಾನುವಾರ ಯಳಂದೂರಲ್ಲಿ ಬೈಕ್ ಪರೀಕ್ಷೆ. ಈ ಸಲ ಸ್ಟಿಕ್ಕರ್ ತಕಳದೆ ಬಿಡಲ್ಲ, ಈ ಕತ್ತೆ ಕೆಲಸ ಸಾಕು ಅಂತ ಶಾಂತರಾಜು ಕ್ಯಾರಿಯರ್ ಹುಡುಕಕ್ಕೆ ಹೊರಟ.

ಮೊದಲು ಯಳಂದೂರಿನ ಗುಜರಿ. ಗುಜರಿಯೋರು "ಐತೆ ಬನ್ನಿ ಸಾ, ಒರಿಜಿನಲ್ ಐತೆ" ಅಂತ ಒಳಗೆ ಕರ್ಕಂಡೋಗಿ ಧೂಳು ಒರೆಸಿ ಕೊಟ್ಟಿದ್ದು ಸೈಕಲ್ ಕ್ಯಾರಿಯರ್ರು. "ಇದು ಸೈಕಲ್ದಲ್ವಾ" ಅಂದ ಇವನು. "ಒರಿಜಿನಲ್ ಸೈಕಲ್ದು ಸಾ" ಅಂದ್ರು ಅವರು. ಕೊಳ್ಳೇಗಾಲದ ಮೂವರು ಮೆಕ್ಯಾನಿಕ್ಕುಗಳನ್ನ ಕೇಳಿದ. ಮೂರೂ ಜನ ಒಂದೇ ಮಾತು ಹೇಳಿದ್ರು: ನಿಮ್ ಗಾಡೀಲಿ ಇರೋದೇ ಗಟ್ಟಿ, ತೆಗೀಬೇಡಿ.

ಕೊನೆಗೆ ಗೊಬ್ಬರ ತಕಳಕ್ಕೆ ಬಂದ ಒಬ್ಬ ರೈತ ಹೇಳಿದ, ಲೊಕ್ಕನಹಳ್ಳಿ ಜಡೇಸ್ವಾಮಿ ಮನೇಲಿ ಒಂದದೆ, ಅವರಪ್ಪ ಹೊಸ ಯೆಜ್ಡಿ ತಂದಾಗಿಂದ ಅದೆ ಅಂತ. ಶಾಂತರಾಜು ಅರ್ಧ ದಿನ ರಜ ಹಾಕಿ ಓಡಿದ.

ಕ್ಯಾರಿಯರ್ ಇದ್ದಿದ್ದೇನೋ ನಿಜ. ಜಡೇಸ್ವಾಮಿ ಮನೆ ಜಗಲಿ ಮೇಲೆ, ಗೋಡೆಗೆ ಒರಗಿಸಿ, ಅರಿಶಿನ ಕುಂಕುಮ ಇಟ್ಟು, ಚೆಂಡುಹೂವ ಸಿಕ್ಕಿಸಿದ್ರು. ಎಡಗಡೆ ಪೈಪು ಬಾಳೆ ಎಲೆ ಥರ ಕೆಳಕ್ಕೆ ಬಾಗಿತ್ತು.

"ಇದೇನ್ ಗೌಡ್ರೆ, ಪೂಜೆ ಮಾಡೀರಿ?"

"ಆನೆ ಮೆಟ್ಟಿರೋದು ಕಣಪ್ಪ" ಅಂದ್ರು ಜಡೇಸ್ವಾಮಿ, ಎಲೆ ಅಡಿಕೆ ಹಾಕ್ಕಂಡು. "ಜೋಳ ತಿನ್ನಕ್ ಬಂದಿತ್ತು. ತಿಂದ್ಕಂಡ್ ಓಯ್ತಾ ಇದ್ದುದ್ದು ಸುಮ್ಕೆ ಓಗ್ದೆಯ ಗಾಡಿ ಮ್ಯಾಲೆ ಒಂದ್ ಪಾದ ಮಡುಗ್ತು. ಗಾಡಿ ಚಪಾತಿ ಆಗೋಯ್ತು. ಇದೊಂದ್ ಉಳ್ಕಂತು. ಗಣೇಸ ಮೆಟ್ಟಿದ್ ಕಬ್ಬುಣನ ಗುಜರಿಗಾಕಕ್ ಆದದಾ?"

"ನಂಗ್ ಕೊಡ್ತೀರಾ?"

"ದೇವ್ರ ಕೊಟ್ಟಾರಾ ಯಾರಾದ್ರೂವ?"

ಒಂದು ಗಂಟೆ ಕಾಲು ಹಿಡಿದದ್ದಕ್ಕೆ ಜಡೇಸ್ವಾಮಿ ಇಷ್ಟಕ್ಕೆ ಒಪ್ಪಿದ್ರು: ಸ್ಯಾಂಪಲ್‌ಗೆ ತಕಂಡೋಗು, ನೋಡ್ಕಂಡು ಅದರಂಗೆ ಒಂದು ಮಾಡುಸ್ಕೊ, ಹತ್ತು ದಿನದಲ್ಲಿ ತಂದು ಮಡುಗು. ಕುಂಕುಮ ಅಳಿಸ್ಬೇಡ.

ಮಾಡಿಸೋದು ಯಾರ ಹತ್ರ? ಕೊಳ್ಳೇಗಾಲದಲ್ಲಿ ವೆಲ್ಡಿಂಗ್ ಮುತ್ತಯ್ಯ ಅಂದ್ರೆ ಕೈ ಅಷ್ಟು ನಯ. ಆದ್ರೆ ಆತನದೊಂದು ಪದ್ಧತಿ ಇತ್ತು. ಒಂದ್ ಸಲ ಯಾರೋ ರೈತರು ಹೊಲ ಹರಗೋ ಕುಂಟೆ ತಂದು, ಇದರಂಗೆ ಇನ್ನೊಂದ್ ಮಾಡು ಅಂದಿದ್ರಂತೆ. ಕುಂಟೆ ಸೊಟ್ಟಗಿತ್ತು. ಮುತ್ತಯ್ಯ ಪಾಪ ಅಂತ ನೆಟ್ಟಗೆ ಮಾಡಿ ಕೊಟ್ಟ. ಆ ಸೊಟ್ಟ ಬೇಕೂ ಅಂತಲೇ ಮಾಡಿಸಿದ್ದಂತೆ, ರೈತರು ಒಂದು ವಾರ ಅಂಗಡಿ ಮುಂದೆ ನಿಂತು ಬೈದ್ರು. ಅವತ್ತಿಂದ ಮುತ್ತಯ್ಯ ಯಾವ ಸ್ಯಾಂಪಲ್ಲಿಗೂ ಬುದ್ಧಿ ಹೇಳಕ್ಕೆ ಹೋಗಿಲ್ಲ. ತಂದಿದ್ದು ಹೆಂಗದೋ ಹಂಗೆ.

ಇದು ಶಾಂತರಾಜುಗೆ ಗೊತ್ತಿರಲಿಲ್ಲ. ಸ್ಯಾಂಪಲ್ ಕೊಟ್ಟು ಬಂದೋನು ಪರೀಕ್ಷೆ ಹಿಂದಿನ ದಿನ ಶನಿವಾರ ಸಂಜೆ ಹೋಗಿ ನೋಡ್ತಾನೆ, ಎರಡು ಕ್ಯಾರಿಯರ್ ಅಕ್ಕಪಕ್ಕ ನಿಂತವೆ. ಪೈಪಿನ ದಪ್ಪ ಅದೇ, ಕರೀ ಬಣ್ಣ ಅದೇ, ಎಡಗಡೆ ಆನೆ ಬಾಗಿಸಿದ ಬಾಗೂ ಅದೇ. ಕುಂಕುಮ ಇರೋದು ಆನೇದು, ಇಲ್ದಿರೋದು ಮುತ್ತಯ್ಯಂದು. ಅಷ್ಟೇ ವ್ಯತ್ಯಾಸ.

"ಏನ್ ಮುತ್ತಣ್ಣ ಇದು" ಅಂದ ಶಾಂತರಾಜು.

"ಅದನ್ ಕೇಳ್ಬೇಡ" ಅಂದ ಮುತ್ತಯ್ಯ. "ಮಿಕ್ಕಿದ್ದೆಲ್ಲ ಅರ್ಧ ದಿನ. ಆ ಬೆಂಡಿಗೆ ಎಲ್ಡ್ ದಿನ ಇಡೀತು ಕಣ್ಲಾ. ಆನೆ ಒಂದೇ ಸಲುಕ್ಕೆ ಮಾಡ್ಬುಡ್ತು, ನಾನು ಮೂರು ಸಲ ಕಾಯ್ಸಿ ಬಡಿದೆ."

"ಬೆಂಡ್ ಬ್ಯಾಡಾಗಿತ್ತು ಅಣ್ಣ."

"ಬ್ಯಾಡ ಅಂತ ಯೋಳಿದ್ಯಾ?"

ಹೇಳಿರಲಿಲ್ಲ. ನೆಟ್ಟಗೆ ಮಾಡಕ್ಕೆ ಟೈಮೂ ಇರಲಿಲ್ಲ, ಮುತ್ತಯ್ಯ ಯಾವುದೋ ಮದುವೆ ಊಟಕ್ಕೆ ಷರ್ಟ್ ಹಾಕ್ಕಂಡು ನಿಂತಿದ್ದ. ಹಾಲಿನೋರ ಗಟ್ಟಿ ಕ್ಯಾರಿಯರ್ ಬಿಚ್ಚಿ ಸೊಟ್ಟದ್ದು ಹಾಕ್ಕಂಡು, ಸ್ಯಾಂಪಲ್ ಆಮೇಲೆ ತಕಂಡೋಗ್ತೀನಿ ಅಂತ ಅಲ್ಲೇ ಬಿಟ್ಟು, ಶಾಂತರಾಜು ಸಪ್ಪೆ ಮುಖ ಮಾಡ್ಕಂಡು ಮನೆಗೆ ಬಂದ.

ಭಾನುವಾರ ಯಳಂದೂರಲ್ಲಿ ಒಂದು ಹೋಟೆಲ್ ಮುಂದಿನ ಬಯಲಲ್ಲಿ ಹದಿಮೂರು ಬೈಕು ಸಾಲಾಗಿ ನಿಂತಿದ್ವು. ಈ ಸಲ ಹೊಸಬ ಒಬ್ಬ ಬಂದಿದ್ದ, ಒಡೆಯರಪಾಳ್ಯದ ಕಡೆಯ ಮಣಿಕಂಠ ಅಂತ. ಇಪ್ಪತ್ತಾರು ವಯಸ್ಸು, ತಾತ ಮೈಸೂರಿಂದ ಹೊಸದಾಗಿ ತಂದ ಯೆಜ್ಡಿ, ಅವರೇ ಮಡಗಿದ್ದ ಬಿಲ್ಲು ಪ್ಲಾಸ್ಟಿಕ್ ಕವರಲ್ಲಿ. ಆ ಬೈಕಿನ ಕ್ಯಾರಿಯರನ್ನ ಶಾಂತರಾಜು ಬಗ್ಗಿ ನೋಡ್ದ. ಗೀರಿಲ್ಲ, ಬೆಸುಗೆ ಗುರುತಿಲ್ಲ, ನೂಲು ಹಿಡಿದಂಗೆ ನೆಟ್ಟಗದೆ. ಇದು ಒರಿಜಿನಲ್ ಅಂದ್ರೆ. ತಂದು ತಿಂಗಳೂ ಆಗದಂಗೆ ಕಾಣ್ತಿತ್ತು.

ಮಹದೇವಸ್ವಾಮಿ ಮೇಷ್ಟ್ರು ಭೂತಗನ್ನಡಿ ಒಂದ್ ಕೈಲಿ, ಇನ್ನೊಂದ್ ಕೈಲಿ ಕಂಪ್ನಿ ಪುಸ್ತಕದ ಜೆರಾಕ್ಸ್ ಹಿಡ್ಕಂಡು ಬಂದ್ರು. ಬಿಡಿಭಾಗದ ಪುಸ್ತಕ ಅದು, ಎಲ್ಲಿಂದಲೋ ಅಪರೂಪಕ್ಕೆ ಸಿಕ್ಕಿ ಜೆರಾಕ್ಸ್ ಮಾಡಿಸಿದ್ರಂತೆ. ಪುಸ್ತಕ ದಪ್ಪ, ಜೆರಾಕ್ಸ್ ಅಂಗಡಿಯೋರು ಮಿಷನ್ ಮೇಲೆ ಸರಿಯಾಗಿ ಅದುಮಿರಲಿಲ್ಲ. ಹೊಲಿಗೆ ಕಡೆ ಅಂಚಲ್ಲಿ ಅಕ್ಷರ ಎಲ್ಲಾ ಗುಂಡಿಗೆ ಬಿದ್ದಂಗೆ ಇಳಿದಿದ್ವು. ಕ್ಯಾರಿಯರ್ ಚಿತ್ರದ ಎಡಗಡೆ ಪೈಪೂ ಅಕ್ಷರಗಳ ಜೊತೇಲೇ ಕೆಳಕ್ಕೆ ಇಳಿದಿತ್ತು.

ಮೇಷ್ಟ್ರು ಶಾಂತರಾಜು ಬೈಕ್ ಹಿಂದೆ ಕೂತ್ರು. ಜೆರಾಕ್ಸ್ ನೋಡಿದ್ರು, ಕ್ಯಾರಿಯರ್ ನೋಡಿದ್ರು. ಇನ್ನೊಂದ್ ಸಲ ಜೆರಾಕ್ಸ್ ನೋಡಿದ್ರು. ಸ್ಕೇಲ್ ಇಟ್ರು. ಎದ್ದು ನಿಂತು ಕನ್ನಡಕ ತೆಗೆದು ಒರೆಸ್ಕಂಡ್ರು.

"ಶಾಂತರಾಜು" ಅಂದ್ರು. ಹೆಸರು ಹಿಡಿದು ಕರೆದಿದ್ದು ಅದೇ ಮೊದಲು. "ಇದೆಲ್ಲಿ ಸಿಕ್ತಯ್ಯ ನಿಂಗೆ?"

"ಲೊಕ್ಕನಳ್ಳಿ ಕಡೆ ಸಾ."

"ಎಲ್ಲಾರೂ ಬನ್ನಿ ಇಲ್ಲಿ. ನೋಡಿ ಈ ಕರ್ವು. ಎಡಗಡೆ ಸೈಲೆನ್ಸರ್ ಬಿಸಿ ಮೇಲಕ್ಕೆ ಬಂದು ತಪ್ಪಿಸ್ಕಂಡು ಹೋಗಕ್ಕೆ ಗಾಳಿ ದಾರಿ ಇದು. ಎಂಥಾ ತಲೆ ಅವರದ್ದು. ಇಷ್ಟು ವರ್ಷ ನಾವು ನೆಟ್ಟಗಿರೋದನ್ನ ಒರಿಜಿನಲ್ ಅಂದ್ಕಂಡಿದ್ವಿ, ಪುಸ್ತಕ ಸರಿಯಾಗಿ ನೋಡ್ದೆ."

ಬಲಗಡೇನೂ ಒಂದು ಸೈಲೆನ್ಸರ್ ಇತ್ತು. ಅದರ ಬಿಸಿ ಎಲ್ಲಿಗೆ ಹೋಗ್ಬೇಕು ಅಂತ ಯಾರೂ ಕೇಳಲಿಲ್ಲ. ಹತ್ತು ಜನ ತಲೆ ಆಡಿಸಿದ್ರು, ಇಬ್ಬರು ಫೋಟೋ ತೆಗೆದ್ರು.

ಆಮೇಲೆ ಮೇಷ್ಟ್ರು ಮಣಿಕಂಠನ ಬೈಕ್ ಹತ್ರ ಹೋಗಿ ಎರಡೇ ನಿಮಿಷ ನೋಡಿದ್ರು. "ಲೋಕಲ್" ಅಂದ್ರು.

"ಸಾ, ತಾತಂದು ಬಿಲ್ಲು ಅದೆ" ಅಂತ ಮಣಿಕಂಠ ಕವರ್ ಬಿಚ್ಚಿದ.

"ಬಿಲ್ಲನ್ನ ಯಾರ್ ಬೇಕಾದ್ರೂ ಬರೀತಾರಪ್ಪ. ಕರ್ವ್ ಎಲ್ಲಿ ತೋರ್ಸು."

ಮಣಿಕಂಠ ಕ್ಯಾರಿಯರ್ ಸುತ್ತ ಒಂದು ಸುತ್ತು ಬಂದ, ಎಲ್ಲಾದ್ರೂ ಇರಬೌದು ಅನ್ನೋ ಥರ. ಶಾಂತರಾಜು ಎರಡು ಹೆಜ್ಜೆ ಮುಂದೆ ಬಂದ. "ಸಾ, ಅದು… ಅಲ್ಲೊಂದ್ ಆನೆ…" ಅಂದ.

"ಆನೆಬಲ, ಅದೇ ನಾನೂ ಹೇಳ್ತಿರೋದು. ಕರ್ವ್ ಕೊಟ್ರೆ ಪೈಪಿಗೆ ಆನೆಬಲ ಬರುತ್ತೆ" ಅಂತ ಮೇಷ್ಟ್ರು ಅವನ ಟ್ಯಾಂಕಿಗೆ ಸ್ಟಿಕ್ಕರ್ ಒತ್ತಿದ್ರು. ಮೂಲೆ ಏಳದಂಗೆ ಹೆಬ್ಬೆಟ್ಟಲ್ಲಿ ನಾಲ್ಕು ಸಲ ತೀಡಿದ್ರು. ಶಾಂತರಾಜು ಎರಡು ಹೆಜ್ಜೆ ಹಿಂದಕ್ಕೆ ಇಟ್ಟ. ಸ್ಟಿಕ್ಕರ್ ಬಿಸಿಲಲ್ಲಿ ಪಳಪಳ ಅಂತಿತ್ತು.

"ಮಣಿಕಂಠ ಅಲ್ವಾ ನೀನು? ಪಾಲಾರ್ ರೈಡಿಗೆ ನನ್ನ ಕುರ್ಚಿ ನಿನ್ ಗಾಡೀಲಿ" ಅಂದ್ರು ಮೇಷ್ಟ್ರು.

ಮನೆಗೆ ಬಂದ್ರೆ ಭವ್ಯ ರಾಗಿ ಮೂಟೆ ಬಾಗಿಲಿಗೆ ತಂದು ನಿಲ್ಸಿದ್ಲು. ಮಿಲ್ಲಿಗೆ ಹಾಕ್ಕಂಡು ಬರಬೇಕು. ಶಾಂತರಾಜು ಸ್ಟಿಕ್ಕರ್ ತೋರಿಸಿದ, ರೂಲ್ಸ್ ನೆನಪಿಸಿದ. ಭವ್ಯ ಸೆರಗು ಸಿಕ್ಕಿಸ್ಕಂಡು ಮೂಟೇನ ಪಕ್ಕದ ಮನೆಯೋರ ಮೊಪೆಡ್ಡಿಗೆ ಏರಿಸಿ ಹೋದ್ಲು. ಬೈದಿದ್ರೆ ಒಸಿ ಹಗುರ ಆಗೋದು.

ಎರಡು ದಿನ ಅವನಿಗೆ ಅನ್ನ ರುಚಿಸಲಿಲ್ಲ. ಆ ಹುಡುಗ ಬೆಟ್ಟದ ತಿರುವಲ್ಲಿ ಫಸ್ಟ್ ಗೇರಲ್ಲಿ ಕುರ್ಚಿ ಹೊತ್ಕಂಡು ಬರ್ತಿರೋದು ಕಣ್ಮುಂದೆ ಬರೋದು, ಅದರ ಹಿಂದೆಯೇ 'ಶಾಂತರಾಜು' ಅಂತ ಮೇಷ್ಟ್ರು ಕರೆದ ದನೀನೂ ಬರೋದು. ಮಂಗಳವಾರ ಜಡೇಸ್ವಾಮಿಯೋರ ಸ್ಯಾಂಪಲ್ ವಾಪಸ್ ತಕಳಕ್ಕೆ ಶಾಂತರಾಜು ಕೊಳ್ಳೇಗಾಲಕ್ಕೆ ಹೊರಟ. ಅದನ್ನ ತಕಂಡು ನೇರ ಮೇಷ್ಟ್ರ ಮನೆಗೆ ಹೋಗಿ ಎಲ್ಲಾ ಹೇಳ್ಬುಡ್ತೀನಿ, ಸ್ಟಿಕ್ಕರ್ ಕಿತ್ಕಳ್ಳಿ ಬೇಕಾದ್ರೆ ಅಂತ ದಾರಿ ಉದ್ದಕ್ಕೂ ಬಾಯಿಪಾಠ ಮಾಡ್ಕಂಡ.

ಮುತ್ತಯ್ಯನ ಅಂಗಡಿ ಮುಂದೆ ಒಂಬತ್ತು ಕ್ಯಾರಿಯರ್ ಸಾಲಾಗಿ ಒರಗಿದ್ವು. ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಹೆಸರು. ಎಲ್ಲಾ ಬಳಗದೋರವೇ, ಬಗ್ಗಿಸಕ್ಕೆ ಕೊಟ್ಟವು. ಮೊದಲನೇದರ ಮೇಲೆ 'ಮ. ಸ್ವಾಮಿ ಮೇಷ್ಟ್ರು, ಅರ್ಜೆಂಟ್' ಅಂತಿತ್ತು. ಕುಂಕುಮದ ಕ್ಯಾರಿಯರ್ ಮೇಜಿನ ಮೇಲೆ ಮಲಗಿತ್ತು, ಅಳತೆಗೆ. ಮುತ್ತಯ್ಯನ ಪಕ್ಕ ಮಣಿಕಂಠ ನಿಂತಿದ್ದ, ಅವನ ತಾತನ ಕ್ಯಾರಿಯರ್ ಆಗಲೇ ಬೆಂಕಿ ಮೇಲೆ ಕಾಯ್ತಿತ್ತು.

ಶಾಂತರಾಜು ಅವನ ತೋಳು ಹಿಡಿದು ಆಚೆ ಕರ್ಕಂಡೋದ. "ಮಣಿ, ನೋಡು, ನಿಂದೇ ಕಣಪ್ಪ ಒರಿಜಿನಲ್ಲು. ಇಡೀ ತಾಲ್ಲೂಕಲ್ಲಿ ಗೀರಿಲ್ದಂಗೆ ಉಳ್ದಿರೋದು ಅದೊಂದೇ. ನಂದು ಆನೆ ಮೆಟ್ಟಿದ್ದರ ಕಾಪಿ."

"ಗೊತ್ತು ಕಣಣ್ಣ" ಅಂದ ಮಣಿಕಂಠ. "ಜಡೇಸ್ವಾಮಿ ದೊಡ್ಡಪ್ಪನ ಆನೆ ಕತೆ ನಮ್ ಕಡೆ ಯಾರ್ಗ್ ಗೊತ್ತಿಲ್ಲ. ಸಣ್ಣವ್ನಿದ್ದಾಗ ಓಗಿ ಕೈ ಮುಗ್ದಿವ್ನಿ ಅದ್ಕೆ."

"ಗೊತ್ತಿದ್ಕಂಡು ಬಗ್ಗಿಸ್ತಿದ್ದೀಯಾ?"

"ನೀವ್ ಎಲ್ಡ್ ವರ್ಷ ಒತ್ರಂತಲ್ಲ ಆ ಕುರ್ಚಿಯ. ನಂಗೆ ಒಂದ್ ದಿನಾನೂ ಬ್ಯಾಡ."

"ನಾನ್ ಈಗಲೇ ಮೇಷ್ಟ್ರುಗೆ ಯೋಳ್ತೀನಿ."

"ಯೋಳಿ. ಸ್ಟಿಕ್ಕರ್ ಕಿತ್ಕತಾರೆ. ನಂಗೂ ಕೊಡಲ್ಲ, ಪುಸ್ತಕ ಅಂಗೇ ಇರ್ತದಲ್ಲ. ಇಬ್ರೂ ಒರ್ಬೇಕಾಯ್ತದೆ ಅಷ್ಟೆಯ. ನೀವು ಸ್ಟೌವು, ನಾನು ಕುರ್ಚಿ."

ಒಳಗಿಂದ ಮುತ್ತಯ್ಯ ಕೂಗಿದ. ಪೈಪು ಕೆಂಪಗೆ ಕಾದಿತ್ತು.

"ಲೇ ಶಾಂತರಾಜು, ಅಲ್ಲೇನ್ ಪಂಚಾಯ್ತಿ. ಬಾ ಇಲ್ಲಿ, ಆ ತುದಿ ಅದುಮ್ಕ. ಒಬ್ಬುನ್ ಕೈಲಿ ಆನೆ ಆಗಕ್ ಆಗಲ್ಲ."

ಶಾಂತರಾಜು ನಿಂತೇ ಇದ್ದ. ಮಣಿಕಂಠ ಅವನ ಮುಖ ನೋಡಿದ, ಆಮೇಲೆ ರಸ್ತೆ ಕಡೆ ತಿರುಗಿ ಬಸ್ ನೋಡ್ತಾ ನಿಂತ್ಕಂಡ. ಶಾಂತರಾಜು ಕೈಗೆ ಒದ್ದೆ ಗೋಣಿಚೀಲ ಸುತ್ಕಂಡು ಒಳಗೆ ಹೋಗಿ ತುದಿ ಹಿಡ್ದ. ಮುತ್ತಯ್ಯ ಸುತ್ತಿಗೆ ಎತ್ತಿದ. ಮೊದಲನೇ ಏಟಿಗೆ ನಲವತ್ತು ವರ್ಷದ ಕರೀ ಬಣ್ಣ ಸಿಪ್ಪೆ ಎದ್ದು ಶಾಂತರಾಜು ಚಪ್ಪಲಿ ಮೇಲೆ ಉದುರಿತು.

"ಆಯ್ತಾ?" ಅಂದ ಮಣಿಕಂಠ, ತಿರುಗದೆ.

ಶಾಂತರಾಜು ಬಗ್ಗಿ ಒಂದು ಕಣ್ಣು ಮುಚ್ಚಿ ಕುಂಕುಮದ ಕ್ಯಾರಿಯರ್ ಜೊತೆ ಅಳತೆ ನೋಡ್ದ.

"ಇನ್ನೊಂದೇಟು" ಅಂದ.